ಎಲೆಯ ಪಕ್ಕದ ಸರಪಳಿ

ಸತ್ತವರು ಊಟಕ್ಕೆ ಬರುತ್ತಾರೆ ಎಂದರೆ ನಾನು ನಗುತ್ತಿದ್ದೆ. ಯಾರ ಎದುರಿಗೂ ಅಲ್ಲ, ಅಡುಗೆಮನೆಯಲ್ಲಿ ಒಲೆಯ ಕಡೆ ಮುಖ ಮಾಡಿಕೊಂಡು. ಉಡುಪಿ ಕಡೆಯ ಮನೆಯೊಂದರ ಸೊಸೆಯಾಗಿ ಡೊಂಬಿವಲಿಗೆ ಬಂದ ಮೇಲೆ ಪ್ರತಿ ಮಳೆಗಾಲದಲ್ಲೂ, ತುಳುವರು ಆಟಿ ಎನ್ನುವ ತಿಂಗಳಲ್ಲಿ, ಹಿರಿಯರಿಗೆ ಬಡಿಸುವ ದಿನದ ಕೋಳಿಸಾರು, ಮೀನು ಎಲ್ಲ ಮಾಡುತ್ತ ಬಂದವಳು ನಾನೇ. ಆದರೆ ಮಾಡುವುದು ಬೇರೆ, ನಂಬುವುದು ಬೇರೆ. ನನ್ನ ಕೆಲಸ ರಬಾಳೆಯ ಒಂದು ಕಾರ್ಖಾನೆಯ ಡಿಸ್ಪ್ಯಾಚ್ ವಿಭಾಗದಲ್ಲಿ. ದಿನವಿಡೀ ಲಾರಿ ಎಲ್ಲಿ, ಮಾಲು ಎಲ್ಲಿ ಎಂದು ಕೇಳುವವಳಿಗೆ ಕಣ್ಣಿಗೆ ಕಾಣದವರ ಬಗ್ಗೆ ಯೋಚಿಸಲು ಪುರಸೊತ್ತೂ ಇರಲಿಲ್ಲ. ಈಗ ನಾನು ನಂಬುತ್ತೇನೆ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ನಂಬುವುದಿಲ್ಲ ಎಂದು ಮೊದಲಿನಷ್ಟು ಜೋರಾಗಿ ಹೇಳಲು ಬಾಯಿ ಬರುವುದಿಲ್ಲ, ಅಷ್ಟೆ.

ಗೊತ್ತಿಲ್ಲದವರಿಗೆ ನಮ್ಮ ಪದ್ಧತಿಯನ್ನು ಸ್ವಲ್ಪ ಹೇಳಬೇಕು. ಆ ಸಂಜೆ ದೀಪ ಹಚ್ಚಿದ ಮೇಲೆ ಒಂದು ಕೋಣೆಯಲ್ಲಿ ಬಾಳೆಲೆ ಹಾಕಿ, ಸತ್ತವರಿಗೆ ಇಷ್ಟವಾದ ಅಡುಗೆ ಬಡಿಸಿ, ಒಂದು ಲೋಟ ನೀರಿಟ್ಟು ಬಾಗಿಲು ಎಳೆದುಕೊಂಡು ಬರುತ್ತೇವೆ. ಅವರು ಬಂದು ಉಂಡು ಹೋಗಲಿ ಎಂದು ಮನೆಯವರೆಲ್ಲ ಹೊರಗೆ ಸುಮ್ಮನೆ ಕೂರುವುದು. ಎಲೆ ತೆಗೆಯುವವರೆಗೆ ಒಳಗೆ ಇಣುಕಬಾರದು, ಮಾತಾಡಬಾರದು, ಮನೆಯಿಂದ ಯಾರೂ ಹೊರಗೆ ಕಾಲಿಡಬಾರದು. ಇದು ನನ್ನ ಅತ್ತೆಯ ಕಟ್ಟಳೆ. ಎಲೆ ಯಾವಾಗ ತೆಗೆಯಬೇಕು ಎನ್ನುವುದೂ ಅವರಿಗೆ ಮಾತ್ರ ಗೊತ್ತು. ಕೆಲವು ವರ್ಷ ಬೇಗ, ಕೆಲವು ವರ್ಷ ನಮ್ಮ ಹೊಟ್ಟೆ ತಾಳ ಹಾಕುವವರೆಗೆ.

ಆ ವರ್ಷ ನಾವು ಬಡಿಸಬೇಕಾಗಿದ್ದದ್ದು ಮಾವನಿಗೆ. ಅವರು ತೀರಿಕೊಂಡು ಎರಡನೆಯ ಆಟಿ ಅದು. ಮಾವ ಜೀವಮಾನವಿಡೀ ಹೋಟೆಲಿನ ಗಲ್ಲಾದಲ್ಲಿ ಕೂತವರು, ಮಿತಭಾಷಿ. ನಿವೃತ್ತರಾದ ಮೇಲೆ ಒಂದು ದಿನ ದಿವಾ ಎಂಬಲ್ಲಿದ್ದ ಗೆಳೆಯರ ಮನೆಯಿಂದ ಬಟ್ಟೆಚೀಲದಲ್ಲಿ ಒಂದು ಬಿಳಿ ಹೆಣ್ಣು ನಾಯಿಮರಿಯನ್ನು ಹಾಕಿಕೊಂಡು ಲೋಕಲ್ ಟ್ರೇನಿನಲ್ಲಿ ಬಂದಿದ್ದರು. ವಯಸ್ಸಾದವರೆಂದು ಯಾರೂ ಬಿಡದ ಸೀಟನ್ನು ಚೀಲದಿಂದ ಮುಖ ಹೊರಹಾಕಿದ ಮರಿಗಾಗಿ ಬಿಟ್ಟುಕೊಟ್ಟರಂತೆ. ತುಳುವಿನಲ್ಲಿ ಬೆಳ್ಳಿಗೆ ಬೊಳ್ಳಿ ಎನ್ನುತ್ತಾರೆ, ಅದೇ ಹೆಸರಿಟ್ಟರು. ಮಾವ ಹೋದ ಮೇಲೆ ಅತ್ತೆಗೆ ಉಳಿದ ಜೊತೆ ಎಂದರೆ ಬೊಳ್ಳಿಯೇ. ನಾವೆಲ್ಲ ಬೆಳಿಗ್ಗೆ ಟ್ರೇನು ಹಿಡಿದು ಹೋದರೆ ಅವರಿಬ್ಬರೇ ಮನೆಯಲ್ಲಿ. ಅತ್ತೆ ದಿನವಿಡೀ ಅದರ ಹತ್ತಿರ ತುಳುವಿನಲ್ಲಿ ಊರಿನ ಸುದ್ದಿ ಮಾತಾಡುತ್ತಿದ್ದರು. ಅದು ಇಲ್ಲದಿದ್ದರೆ ಅತ್ತೆಯೂ ಹೆಚ್ಚು ದಿನ ಇರಲಾರರು ಎಂದು ನನಗೆ ಹಲವು ಸಲ ಅನಿಸಿದ್ದುಂಟು.

ನಾನೇನೂ ನಾಯಿಯನ್ನು ಮುದ್ದು ಮಾಡುವವಳಲ್ಲ. ಸೋಫಾದ ಮೇಲಿನ ಕೂದಲಿಗಾಗಿ ದಿನಕ್ಕೊಮ್ಮೆ ಬೈಯುತ್ತಿದ್ದವಳು. ಆದರೆ ಒಂದು ಪ್ರಾಣಿಯ ಕೂದಲು ಗುಡಿಸುವವಳಿಗೆ, ಅದರ ನೀರಿನ ಬೋಗುಣಿ ತುಂಬಿಸುವವಳಿಗೆ ಕೆಲವು ವಿಷಯಗಳು ಮುದ್ದು ಮಾಡುವವರಿಗಿಂತ ಬೇಗ ತಿಳಿಯುತ್ತವೆ. ಆ ವಾರ ನಾನು ಬೋಗುಣಿಯನ್ನು ತುಂಬಿಸಿ ತುಂಬಿಸಿ ಸಾಕಾಗಿದ್ದೆ. ಬೋಗುಣಿ ಖಾಲಿಯಾದರೆ ಬೊಳ್ಳಿ ಬಚ್ಚಲಿನ ಬಕೆಟ್ಟಿಗೇ ಬಾಯಿ ಹಾಕುತ್ತಿತ್ತು. ಹೊರಗೆ ಮಳೆ ಹಿಡಿದು ಕೂತಿದೆ, ಹಗ್ಗದ ಮೇಲಿನ ಬಟ್ಟೆ ಒಣಗುತ್ತಿಲ್ಲ. ಅಂಥ ಹವೆಯಲ್ಲಿ ಇಷ್ಟು ಬಾಯಾರಿಕೆ ಯಾರಿಗೆ ಆಗುತ್ತದೆ? ಊಟವನ್ನಂತೂ ಮೂಸಿ ಬಿಟ್ಟುಬಿಡುತ್ತಿತ್ತು.

ನನ್ನ ಮಾತಿಗೆ ಮನೆಯಲ್ಲಿ ಬೆಲೆ ಸಿಗಲಿಲ್ಲ. ನಮ್ಮ ಓಣಿಯ ಪ್ರಾಣಿ ಡಾಕ್ಟರು ಒಂದು ಸೂಜಿ ಚುಚ್ಚಿ, ಮಳೆಗಾಲದ ಅಜೀರ್ಣ, ಮೊಸರನ್ನ ಕೊಡಿ ಎಂದಿದ್ದರು. ಕಲ್ಯಾಣದ ಹೋಟೆಲಿನಲ್ಲಿ ಮ್ಯಾನೇಜರಾಗಿರುವ ನಮ್ಮ ಯಜಮಾನರಿಗೆ ಡಾಕ್ಟರು ಹೇಳಿದ ಮೇಲೆ ಮುಗಿಯಿತು. ಅತ್ತೆಗೆ ಬೇರೆಯೇ ಕಾರಣ ಹೊಳೆದಿತ್ತು.

"ಆಟಿ ಬಂತಲ್ಲ ಮಾರಾಯ್ತಿ. ಅವರು ಬರುವ ಸಮಯ ಅಂತ ಅದಕ್ಕೆ ಗೊತ್ತಾಗಿದೆ. ಯಜಮಾನ ಉಣ್ಣದೆ ಅದು ಹೇಗೆ ಉಣ್ಣುತ್ತದೆ?" ಎಂದರು. ಬಡಿಸುವ ದಿನ ಮಾವನ ಎಲೆಯ ಕೋಳಿ ಕೊಟ್ಟರೆ ತಾನಾಗಿಯೇ ತಿನ್ನುತ್ತದೆ ಎಂಬ ಧೈರ್ಯ ಅವರಿಗೆ. ಇಂಥ ತಪ್ಪನ್ನು ನಮ್ಮಂಥ ಮನೆಯಲ್ಲಿ ಮಾತ್ರ ಮಾಡಲು ಸಾಧ್ಯ ಎಂದು ಈಗ ಅನಿಸುತ್ತದೆ. ನಾಯಿ ಉಪವಾಸ ಬಿದ್ದರೆ ಅದು ಕಾಯಿಲೆಯಲ್ಲ, ಭಕ್ತಿ!

ಬಡಿಸುವ ದಿನ ನಾನು ಅರ್ಧ ದಿನ ರಜೆ ಹಾಕಿ ಮಧ್ಯಾಹ್ನವೇ ಮನೆಗೆ ಬಂದೆ. ಲಿಫ್ಟಿನ ಬಾಗಿಲು ಸದ್ದಾದರೆ ಸಾಕು ಬೊಳ್ಳಿ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಅಂದು ಬರಲಿಲ್ಲ. ಮಾವನ ಕೋಣೆಯ ಹೊಸ್ತಿಲಲ್ಲಿ ಮಲಗಿತ್ತು. ನಾನು ಬಗ್ಗಿ ಕರೆದಾಗ ಕಣ್ಣು ತೆರೆದು ನನ್ನ ಕಡೆ ನೋಡಿತು, ಆದರೆ ನನ್ನನ್ನು ಗುರುತು ಹಿಡಿದ ಲಕ್ಷಣ ಆ ಕಣ್ಣಿನಲ್ಲಿ ಇರಲಿಲ್ಲ. ಬಾಯಿಂದ ಏನೋ ಕೆಟ್ಟ ವಾಸನೆ. ನನಗೆ ಒಮ್ಮೆಲೆ ಭಯವಾಯಿತು. ಇದು ಅಜೀರ್ಣವಲ್ಲ, ಇದು ಸಾಯುತ್ತಿದೆ ಎಂದು ಯಾರೋ ಹೇಳಿದಷ್ಟು ಸ್ಪಷ್ಟವಾಗಿ ತಿಳಿಯಿತು. 

ಕಲ್ಯಾಣದಲ್ಲಿ ಆಪರೇಷನ್ ಸೌಕರ್ಯ ಇರುವ, ಪ್ರಾಣಿಗಳ ದೊಡ್ಡ ದವಾಖಾನೆಯೊಂದಿದೆ. ಫೋನು ಮಾಡಿದೆ. ಡಾಕ್ಟರು ಸಂಜೆ ಬರುತ್ತಾರೆ, ಎಂಟರವರೆಗೆ ಇರುತ್ತಾರೆ, ಆಮೇಲೆ ನಾಳೆ ಎಂದರು. ಬೇಗ ಬಡಿಸಿ, ಎಲೆ ತೆಗೆದ ಕೂಡಲೇ ಹೊರಡೋಣ ಎಂದು ಲೆಕ್ಕ ಹಾಕಿದೆ. ಆದರೆ ಅಡುಗೆ ತಡವಾಯಿತು. ಕೋಳಿಸಾರಿಗೆ ಅಂಗಡಿಯ ಒಣರೊಟ್ಟಿ ತರಲು ಹೋದ ಯಜಮಾನರು ಮಳೆಯಲ್ಲಿ ಸಿಕ್ಕಿಹಾಕಿಕೊಂಡರು. ಎಲೆ ಹಾಕುವಾಗಲೇ ಕತ್ತಲಾಗಿತ್ತು.

ಈಗ ಹೇಳುವುದನ್ನು ನಾನು ನೂರು ಸಲ ಮನಸ್ಸಿನಲ್ಲಿ ತಿರುಗಿಸಿ ನೋಡಿದ್ದೇನೆ. ಮಾವನ ಕೋಣೆಯಲ್ಲಿ ಅವರ ಫೋಟೋದ ಕೆಳಗೆ, ಗೋಡೆಗೆ ತಾಗಿ ಎಲೆ ಹಾಕಿದ್ದು ನಾನು. ಬಡಿಸಿದ್ದು ಅತ್ತೆ. ನೀರಿನ ಲೋಟ ಮರೆತಿದ್ದರಿಂದ ನಾನು ಮತ್ತೊಮ್ಮೆ ಒಬ್ಬಳೇ ಒಳಗೆ ಹೋಗಿ ಇಟ್ಟು ಬಂದೆ. ಕೊನೆಗೆ ಅತ್ತೆ ಒಬ್ಬರೇ ಹೋಗಿ ಕೈಮುಗಿದು, ಬಾಗಿಲು ಎಳೆದುಕೊಂಡು ಬಂದರು. ಆಚೆ ಬದಿಯ ಕಿಟಕಿ ಮಳೆಗಾಗಿ ಮುಚ್ಚಿತ್ತು. ನಾನು ಲೋಟ ಇಡುವಾಗ ಕಿಟಕಿಯ ಪಕ್ಕದ ಮೊಳೆಯಲ್ಲಿ ಮಾವನ ಕೊಡೆ, ಬೊಳ್ಳಿಯ ಕಬ್ಬಿಣದ ಸರಪಳಿ ಎಂದಿನಂತೆ ನೇತಾಡುತ್ತಿದ್ದವು.

ನಾಲ್ವರೂ ಹಾಲ್‌ನಲ್ಲಿ ಕೂತೆವು. ಯಜಮಾನರು, ಅತ್ತೆ, ನಾನು, ಕಾಲೇಜಿಗೆ ಹೋಗುವ ಮಗಳು. ಬೊಳ್ಳಿ ಮುಚ್ಚಿದ ಬಾಗಿಲಿಗೆ ಮೈ ಆನಿಸಿ ಮಲಗಿತ್ತು. ಸ್ವಲ್ಪ ಹೊತ್ತಿನ ಮೇಲೆ ಅದು ನರಳಲು ಶುರುಮಾಡಿತು. ಸಣ್ಣಗೆ, ಬಿಟ್ಟು ಬಿಟ್ಟು. ಅತ್ತೆ ಕಣ್ಣೊರೆಸಿಕೊಂಡು ಕೋಣೆಯ ಕಡೆ ಕೈ ಮಾಡಿ, ಅವರು ಬಂದಿದ್ದಾರೆ, ಅದಕ್ಕೆ ಕಾಣುತ್ತಿದೆ ಎನ್ನುವಂತೆ ತಲೆಯಾಡಿಸಿದರು. ಯಜಮಾನರೂ ಕೈಮುಗಿದರು. ನನಗೆ ಮಾತ್ರ ಅದರ ಹೊಟ್ಟೆ ಕಾಣುತ್ತಿತ್ತು. ಬೆಳಿಗ್ಗೆಗಿಂತ ಉಬ್ಬಿತ್ತು, ಉಸಿರು ಮೇಲುಮೇಲಕ್ಕೆ ಬರುತ್ತಿತ್ತು.

ಮಗಳು ಕೂತಲ್ಲಿಂದಲೇ ಸರಿದು ನನ್ನ ಪಕ್ಕಕ್ಕೆ ಬಂದಳು. ಅವಳಿಗೆ ನಮ್ಮ ಮಾತೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ಮಮ್ಮಿ, ಯೇ ಠೀಕ್ ನಹೀ ಲಗ್ ರಹೀ. ಕುಛ್ ಕರೋ ನಾ," ಬೊಳ್ಳಿಗೆ ಸರಿಯಿಲ್ಲ, ಏನಾದರೂ ಮಾಡು ಎಂದು ಪಿಸುಗುಟ್ಟಿದಳು.

ಮಾತಾಡಬಾರದು, ಏಳಬಾರದು, ಹೊರಡಬಾರದು. ಗೋಡೆಯ ಗಡಿಯಾರ ಎಂಟರ ಕಡೆ ಓಡುತ್ತಿತ್ತು. ಅತ್ತೆ ಅಲ್ಲಾಡುವ ಲಕ್ಷಣವಿರಲಿಲ್ಲ.  ಒಂದು ಕಡೆ ಅತ್ತೆಯ ಗಂಡ ಉಣ್ಣುತ್ತಿದ್ದಾರೆ ಎಂಬ ನಂಬಿಕೆ. ಅದನ್ನು ಒಡೆದರೆ ನನ್ನನ್ನು ಅವರು ಬದುಕಿರುವವರೆಗೆ ಕ್ಷಮಿಸಲಿಕ್ಕಿಲ್ಲ. ಇನ್ನೊಂದು ಕಡೆ ಕಣ್ಣೆದುರು ಏದುಸಿರು ಬಿಡುತ್ತಿರುವ ಜೀವ. ನಾನು ಎದ್ದು ನಿಂತೆ. ಮನೆಯಲ್ಲಿ ಅತ್ತೆಯನ್ನು ನಾವು ತುಳುವಿನಂತೆ ಮಾಮಿ ಎನ್ನುತ್ತೇವೆ. "ಮಾಮಿ, ನಾನು ಬೊಳ್ಳಿಯನ್ನು ಕರ್ಕೊಂಡು ಹೋಗ್ತೇನೆ. ಎಂತ ಪಾಪ ಬಂದ್ರೂ ನನಗೇ ಬರ್ಲಿ," ಎಂದೆ. 

"ತಲೆ ಸರಿ ಉಂಟಾ ನಿಂಗೆ?" ಎಂದು ಯಜಮಾನರು ಗದರಿಸಿದರು. ಅತ್ತೆ ಗದರಿಸಲಿಲ್ಲ. ನನ್ನ ಮುಖವನ್ನೂ ಬೊಳ್ಳಿಯನ್ನೂ ನೋಡಿದರು. "ಎಲೆ ತೆಗೆಯದೆ ಹೊರಗೆ ಹೋಗ್ಲಿಕ್ಕಿಲ್ಲ. ನಿಲ್ಲು, ನಾನು ತೆಗೀತೇನೆ," ಎಂದು ಕೈಯೂರಿ ಎದ್ದರು. ಸರಪಳಿ ಬೇಕಿದ್ದರಿಂದ ನಾನೂ ಬೆನ್ನಿಗೇ ಹೋದೆ.

ಬಾಗಿಲು ತೆರೆದ ಅತ್ತೆ ಅಲ್ಲೇ ನಿಂತುಬಿಟ್ಟರು. ದೀಪ ಉರಿಯುತ್ತಿತ್ತು. ಎಲೆಯಲ್ಲಿ ಬಡಿಸಿದ್ದೆಲ್ಲ ಹಾಗೆಯೇ ಇತ್ತು. ಎಲೆಯ ಬಲಕ್ಕೆ, ನೀರಿನ ಲೋಟದ ಪಕ್ಕದಲ್ಲಿ, ಬೊಳ್ಳಿಯ ಸರಪಳಿ ಇತ್ತು. ಚೆಲ್ಲಾಪಿಲ್ಲಿಯಾಗಿ ಅಲ್ಲ. ಸುತ್ತಿ, ಕೊಕ್ಕೆ ಮೇಲೆ ಬರುವಂತೆ ನೀಟಾಗಿ ಇಟ್ಟಿತ್ತು. ನಾನು ಆಚೆ ಗೋಡೆಯ ಕಡೆ ನೋಡಿದೆ. ಮೊಳೆ ಗಟ್ಟಿಯಾಗಿಯೇ ಇತ್ತು, ಕೊಡೆ ಮಾತ್ರ ನೇತಾಡುತ್ತಿತ್ತು.

ಬಿದ್ದಿರಬಹುದು ಎನ್ನುತ್ತೀರಾ? ಬಿದ್ದ ಸರಪಳಿ ಕೋಣೆಯ ಈ ತುದಿಗೆ ಬರುವುದಿಲ್ಲ. ಅಲ್ಲದೆ ಆ ಸರಪಳಿ ಸ್ವಲ್ಪ ಅಲುಗಿದರೂ ಝಣ್ ಎನ್ನುತ್ತದೆ, ಇಡೀ ಮನೆಗೆ ಕೇಳುತ್ತದೆ. ನಾವು ಉಸಿರು ಬಿಗಿಹಿಡಿದು ಕೂತಿದ್ದೆವು, ಯಾರಿಗೂ ಏನೂ ಕೇಳಿಸಿರಲಿಲ್ಲ. ಅತ್ತೆ ಬಗ್ಗಿ ಅದನ್ನು ಎತ್ತಿ ನನ್ನ ಕೈಗೆ ಕೊಟ್ಟರು. "ಅವರು ಹೇಳಿ ಆಯ್ತು. ನಡಿ," ಎಂದರು. ಆಮೇಲೆ ಎಲೆಯನ್ನು ಮಡಚಿದರು.

ಮೊದಲ ರಿಕ್ಷಾದವನು ನಾಯಿಯನ್ನು ನೋಡಿ ನಿಲ್ಲಿಸಲೇ ಇಲ್ಲ. ಎರಡನೆಯವನು "ಕುತ್ರಾ ನಾಹೀ," ನಾಯಿಯನ್ನು ಹತ್ತಿಸುವುದಿಲ್ಲ ಎಂದು ಕೈಯಾಡಿಸಿದ. ಅತ್ತೆ ಜರಿಯಂಚಿನ ಸೀರೆಯಲ್ಲೇ ಮಳೆಯಲ್ಲಿ ಅವನ ಗಾಡಿಯ ಮುಂದೆ ನಿಂತು, ತನಗೆ ಬರುವ ಹರಕು ಮರಾಠಿಯಲ್ಲಿ, ನಿನ್ನ ಮನೆಯಲ್ಲಿ ಮುದುಕಿಯರಿಲ್ಲವೇ ಎಂದು ಕೇಳಿದರು. ಅವನು ಹತ್ತಿಸಿಕೊಂಡ. ದಾರಿಯುದ್ದಕ್ಕೂ ಬೊಳ್ಳಿಯ ತಲೆ ಅವರ ಮಡಿಲಲ್ಲಿತ್ತು. ಟ್ರಾಫಿಕ್ಕಿನಲ್ಲಿ ನಿಂತಾಗಲೆಲ್ಲ ನಾನು ಅದರ ಪಕ್ಕೆಯ ಮೇಲೆ ಕೈಯಿಟ್ಟು ಉಸಿರು ಉಂಟೋ ಇಲ್ಲವೋ ಎಂದು ನೋಡುತ್ತಿದ್ದೆ.

ಡಾಕ್ಟರಮ್ಮ ಹೊರಡಲು ಬ್ಯಾಗು ಹೆಗಲಿಗೆ ಹಾಕಿಕೊಂಡಿದ್ದರು. ಬೊಳ್ಳಿಯ ಒಸಡನ್ನು ನೋಡಿದವರೇ ಬ್ಯಾಗು ಕೆಳಗಿಟ್ಟರು. ನೀರು ಬಹಳ ಕುಡಿಯುತ್ತಿತ್ತೇ ಎಂದು ಅವರೇ ಕೇಳಿದಾಗ ನನಗೆ ಅಳು ಬಂತು. ಸ್ಕ್ಯಾನಿನಲ್ಲಿ ಗೊತ್ತಾಯಿತು, ಗರ್ಭಕೋಶದ ತುಂಬ ಕೀವು. ಮರಿ ಹಾಕದ ಹೆಣ್ಣುನಾಯಿಗಳಿಗೆ ಹೀಗಾಗುವುದುಂಟಂತೆ. ಬೆಳಗಿನವರೆಗೆ ಬಿಟ್ಟಿದ್ದರೆ ಒಳಗೇ ಒಡೆಯುತ್ತಿತ್ತು ಎಂದರು. ಆಪರೇಷನ್ ಆಯಿತು. ಎರಡು ದಿನ ಏನೂ ಹೇಳಲಾಗದು ಎಂದವರು ಮೂರನೆಯ ದಿನ ಕರೆದುಕೊಂಡು ಹೋಗಿ ಎಂದರು. ಬೊಳ್ಳಿ ಉಳಿಯಿತು.

ಸರಪಳಿಯ ವಿಷಯದಲ್ಲಿ ಯಜಮಾನರು ಒಮ್ಮೆ ನನ್ನನ್ನು ಓರೆಗಣ್ಣಿನಿಂದ ನೋಡಿ, "ಒಳ್ಳೆ ಉಪಾಯ ಮಾಡಿದ್ದಿ," ಎಂದರು. ಅಲ್ಲ ಎಂದರೆ ನಕ್ಕರು. ನನ್ನ ಮಟ್ಟಿಗೆ ವಿಷಯ ಸ್ಪಷ್ಟವಿತ್ತು. ಅದನ್ನಿಟ್ಟದ್ದು ಅತ್ತೆ. ಅವರಿಗೂ ಒಳಗೊಳಗೆ ಹೆದರಿಕೆಯಿತ್ತು, ಕಟ್ಟಳೆ ಮುರಿಯಲು ನೆಪ ಬೇಕಿತ್ತು. ಕೊನೆಯಲ್ಲಿ ಒಬ್ಬರೇ ಒಳಗೆ ಹೋದಾಗ ಇಟ್ಟು ಬಂದಿದ್ದಾರೆ. ಹೀಗೆ ಯೋಚಿಸಿದಾಗ ಅವರ ಮೇಲೆ ಎಂದೂ ಇಲ್ಲದ ಪ್ರೀತಿ ಬಂತು. ಅವರಾಗಿ ಹೇಳುವವರೆಗೆ ಕೇಳುವುದಿಲ್ಲ ಎಂದುಕೊಂಡೆ.

ಹೊಲಿಗೆ ಬಿಚ್ಚಿದ ಮೇಲಿನ ಒಂದು ಭಾನುವಾರ ಅತ್ತೆ ಗ್ಯಾಲರಿಯಲ್ಲಿ ಕೂತು ಸಿಗಡಿ ಸುಲಿಯುತ್ತಿದ್ದರು. ಬೊಳ್ಳಿ ಪಕ್ಕದಲ್ಲೇ ಜೊಲ್ಲು ಸುರಿಸಿಕೊಂಡು ಕೂತಿತ್ತು. ನಾನು ಬಟ್ಟೆ ಹರವುತ್ತಿದ್ದೆ. ಅವರು ತಲೆಯೆತ್ತದೆ ಹೇಳಿದರು:

"ನೀರಿಡ್ಲಿಕ್ಕೆ ಹೋದಾಗ ಸರಪಳಿ ಇಟ್ಟದ್ದು ನೀನು ಅಂತ ನಂಗೆ ಆಗ್ಲೇ ಗೊತ್ತುಂಟು. ಕೈಮುಗಿವಾಗ ಕಣ್ಣೀರಲ್ಲಿ ನಂಗೆ ಕಾಣ್ಲಿಲ್ಲ, ಅಷ್ಟೆ. ಬೇಜಾರಿಲ್ಲ. ಅವರ ಎಲೆ ಹತ್ರ ಸುಳ್ಳು ಮಾಡಿದ್ದಕ್ಕೆ ನಿನ್ನ ಲೆಕ್ಕದಲ್ಲಿ ನಾನೇ ತಪ್ಪಾಯ್ತು ಅಂತ ಹೇಳ್ಕೊಂಡಿದ್ದೇನೆ."

ನನ್ನ ಕೈಯಲ್ಲಿದ್ದ ಬಟ್ಟೆ ಹಾಗೇ ಉಳಿಯಿತು. "ನಾನಲ್ಲ ಮಾಮಿ," ಎಂದೆ. "ನೀವು ಅಂತ ಎಣಿಸಿದ್ದೆ ನಾನು."

ಅತ್ತೆ ತಲೆಯೆತ್ತಿದರು. ತಮಾಷೆ ಮಾಡುತ್ತಿದ್ದಾಳೋ ಎಂದು ನನ್ನ ಮುಖವನ್ನು ಹುಡುಕಿದರು; ನಾನೂ ಅವರ ಮುಖವನ್ನು ಹಾಗೆಯೇ ಹುಡುಕಿದೆ. ಗಂಡನ ವಿಷಯದಲ್ಲಿ ಅತ್ತೆ ಸುಳ್ಳು ಹೇಳುವವರಲ್ಲ. ನಾನಂತೂ ಇಟ್ಟಿಲ್ಲ, ಇದನ್ನು ನಿಮ್ಮೆದುರು ಆಣೆ ಮಾಡಿ ಹೇಳಬಲ್ಲೆ. ಯಜಮಾನರೂ ಮಗಳೂ ಹಾಲ್ ಬಿಟ್ಟು ಎದ್ದಿರಲಿಲ್ಲ. ಅಲ್ಲಿಂದ ಮುಂದೆ ನನ್ನ ಬುದ್ಧಿ ಓಡುವುದಿಲ್ಲ. ಇಂದಿಗೂ ಅಲ್ಲಿಗೇ ಬಂದು ನಿಲ್ಲುತ್ತದೆ.

ಅತ್ತೆ ಸಿಗಡಿಯ ಪಾತ್ರೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಒಳಗಿನ ಕೋಣೆಯ ಕಡೆ ನೋಡುತ್ತ, ಸಣ್ಣ ಸ್ವರದಲ್ಲಿ, ನನ್ನನ್ನೇ ಕೇಳಿದರೋ ಯಾರನ್ನು ಕೇಳಿದರೋ:

"ಹಾಗಾದ್ರೆ ನಾವು ಎಲೆ ಬೇಗ ತೆಗೆದೆವಲ್ಲ. ಅವರು ಊಟ ಮಾಡಿದ್ರಾ ಇಲ್ವಾ?"