ಅಲ್ಲಾಡದ ಗೀಟು

ಜಟ್ಟಿ ಎಂದು ಹೆಸರಿಟ್ಟುಕೊಂಡವರೆಲ್ಲ ಕುಸ್ತಿ ಆಡಲೇಬೇಕೆಂದು ಯಾವ ಕಾನೂನೂ ಇಲ್ಲ. ಹೊನ್ನಾವರ ದಾಟಿ ಕುಮಟೆಗೆ ಹೋಗುವ ಹೆದ್ದಾರಿಯ ಬದಿಯಲ್ಲಿ ಒಂದು ಗೇರುಬೀಜದ ಕಾರ್ಖಾನೆಯಿದೆ. ಅಲ್ಲಿ ಇಪ್ಪತ್ತಾರು ವರ್ಷ ಬಾಯ್ಲರ್ ನೋಡಿಕೊಂಡ ಜಟ್ಟಿ ನಾಯ್ಕ ಪುಕ್ಕಲರ ಪೈಕಿ ಮೊದಲ ಪಂಕ್ತಿಯವನು. ಮಿಂಚಿದರೆ ಒಳಗೆ ಓಡುತ್ತಿದ್ದ. ಬಸ್ಸು ಶರಾವತಿ ಸೇತುವೆ ಹತ್ತಿದರೆ ಆಚೆ ದಡ ಬರುವವರೆಗೆ ಕಣ್ಣು ಬಿಡುತ್ತಿರಲಿಲ್ಲ. ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದ ಆ ಗಾದೆಯ ಜಟ್ಟಿಗಾದರೂ ಮೀಸೆಯಿತ್ತು. ಇವನದು ಒಲೆಯ ಝಳಕ್ಕೆ ಸುಟ್ಟು ಸುಟ್ಟು ಬೆಳೆಯುವುದನ್ನೇ ಬಿಟ್ಟಿತ್ತು.

ನಗುವವರು ನಗಲಿ. ಅವನಿಗೆ ಕೆಲಸ ಕಲಿಸಿದ ಮುದುಕ ವೆಂಕಟ್ರಮಣ ನಗಲಿಲ್ಲ. ಕಾಸರಕೋಡಿನಿಂದ ಬಂದು ಸೌದೆ ಹೊರುತ್ತಿದ್ದ ಹುಡುಗನನ್ನು ಕರೆದು ಹೇಳಿದ್ದ: "ಈ ಕೆಲ್ಸಕ್ಕೆ ಹೆದ್ರೂವವನೇ ಬೇಕು. ಧೈರ್ಯ ಇದ್ದವ್ರೆಲ್ಲ ಗೋಡೆ ಮೇಲೆ ಫೋಟೋ ಆಗಿ ಕೂತಿದ್ದಾರೆ." ಜಟ್ಟಿ ಪರೀಕ್ಷೆಗೆ ಮೂರು ಸಲ ಕೂತು ಬಾಯ್ಲರ್ ನಡೆಸುವ ಸರ್ಟಿಫಿಕೇಟು ಪಡೆದ. ಮನೆಯಲ್ಲಿ ದೇವರ ಪಟದ ಪಕ್ಕದಲ್ಲೇ ಅದಕ್ಕೂ ಒಂದು ಮೊಳೆ, ಅದಕ್ಕೂ ಒಂದು ಹೂವು.

ಕೆಲಸ ಹೇಳುವುದಕ್ಕೆ ಸುಲಭ. ಹಸಿ ಗೇರುಬೀಜದ ಸಿಪ್ಪೆ ಕಲ್ಲಿನಂತಿರುತ್ತದೆ. ಹಬೆಯಲ್ಲಿ ಬೇಯಿಸಿದರೆ ಒಡೆಯಲು ಬಗ್ಗುತ್ತದೆ. ಆ ಹಬೆಯನ್ನು ಮಾಡುವುದು ಬಾಯ್ಲರ್. ಅದರ ತಗಡಿನ ಕೋಣೆಗೂ ಅರವತ್ತೆರಡು ಹೆಂಗಸರು ಕೂತು ಬೀಜ ಸುಲಿಯುವ ಹಾಲಿಗೂ ನಡುವೆ ಒಂದೇ ಗೋಡೆ. ಗೋಡೆಯಿಂದ ಮೂರನೆಯ ಮಣೆ ಜಟ್ಟಿಯ ಹೆಂಡತಿ ಸೋಮಿಯದು.

ಬಾಯ್ಲರಿನ ಎದುರಿಗೆ ಗೇಣುದ್ದದ ಒಂದು ಗಾಜಿನ ಕೊಳವೆ. ಒಳಗೆ ನೀರು ಎಷ್ಟಿದೆಯೋ ಅಷ್ಟಕ್ಕೆ ಆ ಗಾಜಿನಲ್ಲಿ ನೀರಿನ ಗೀಟು ನಿಲ್ಲುತ್ತದೆ. ಒಳಗೆ ನೀರು ಕಡಿಮೆಯಾಗಿ ಬೆಂಕಿ ಬರೀ ಕಬ್ಬಿಣಕ್ಕೆ ತಾಗಿದರೆ ಕಬ್ಬಿಣ ಕೆಂಪಾಗುತ್ತದೆ, ಆಮೇಲೆ ಏನೂ ಉಳಿಯುವುದಿಲ್ಲ. ಆದ್ದರಿಂದ ಗಾಜಿನ ಬುಡದ ತಿರುಪನ್ನು ದಿನಾ ಬೆಳಿಗ್ಗೆ ಎಂಟಕ್ಕೆ ಬಿಡಿಸಿ, ಹಬೆಯಿಂದ ಕೊಳವೆ ತೊಳೆಯಬೇಕು. ಬುಸ್ಸೆಂದು ಕೊಳೆ ಹಾರಿ, ಗೀಟು ಮಾಯವಾಗಿ, ತಿರುಪು ಮುಚ್ಚಿದೊಡನೆ ಮತ್ತೆ ಮೇಲೆ ಚಿಮ್ಮುತ್ತದೆ. ತೊಳೆಯದಿದ್ದರೆ ದಾರಿ ಕಟ್ಟಿಕೊಂಡು ಗಾಜಿನಲ್ಲಿ ನಿನ್ನೆಯ ನೀರೇ ನಿಂತಿರುತ್ತದೆ. "ಜೀವ ಇದ್ದ ಗೀಟು ಸುಮ್ನೆ ನಿಲ್ಲೂದಿಲ್ಲ, ಅಲ್ಲಾಡ್ತಾ ಇರ್ತದೆ. ಅಲ್ಲಾಡದ ಗೀಟನ್ನ ನಂಬಬೇಡ," ಎಂದು ವೆಂಕಟ್ರಮಣ ಸಾಯುವ ವರ್ಷವೂ ಹೇಳಿದ್ದ.

ಎರಡು ವರ್ಷದ ಹಿಂದೆ ಆ ತಿರುಪು ಜಟ್ಟಿಯ ಕೈಯಲ್ಲೇ ಸಡಿಲಗೊಂಡು ಕುದಿನೀರು ಬಲಮುಂಗೈಗೆ ಹಾರಿತು. ಚರ್ಮ ಸುಲಿದು, ವಾಸಿಯಾದ ಮೇಲೆ ಗುಲಾಬಿ ಬಣ್ಣದ ಗಾಯದ ಪಟ್ಟಿ ಉಳಿಯಿತು. ತಿರುಪನ್ನು ಬಿಗಿ ಮಾಡಿಸಿದರು. ಅದು ಮಾತ್ರ ಮೊದಲಿನಂತೆ ತಿರುಗಲಿಲ್ಲ, ಕಿರುಗುಟ್ಟುತ್ತಿತ್ತು. ಹೊಸದು ಹಾಕಿಸಿ ಎಂದು ಮ್ಯಾನೇಜರ್ ರಮಾನಂದನಿಗೆ ಎರಡು ಸಲ ಹೇಳಿದ. "ಸೀಸನ್ ಮುಗೀಲಿ ಮಾರಾಯಾ" ಎಂಬ ಉತ್ತರ ಬಂತು. ನೀರು ಕಡಿಮೆಯಾದರೆ ಹೊಡೆಯಬೇಕಾದ ಗಂಟೆಯ ವೈರನ್ನು ಇಲಿ ತಿಂದಿತ್ತು. ಅದಕ್ಕೂ ಅದೇ ಉತ್ತರ. ಮೂರನೆಯ ಸಲ ಕೇಳಲು ಜಟ್ಟಿಗೆ ಹೆದರಿಕೆಯಾಯಿತು. ತಿರುಪು ಮುಟ್ಟಲೂ ಹೆದರಿಕೆಯಾಯಿತು. ಚೌತಿ ಹಬ್ಬ ಆದ ಮೇಲೆ ಒಂದು ದಿನ ಮುಟ್ಟಲಿಲ್ಲ, ಮರುದಿನವೂ ಮುಟ್ಟಲಿಲ್ಲ. ಆದರೆ ರಿಜಿಸ್ಟರಿನಲ್ಲಿ ಎಂಟು ಗಂಟೆಯ ಎದುರಿಗೆ "ಗಾಜು ತೊಳೆದಿದೆ, ಸರಿ ಇದೆ" ಎಂದು ದುಂಡಗೆ ಬರೆದು ಸಹಿ ಹಾಕುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ಪುಕ್ಕಲನ ಸುಳ್ಳಿಗೆ ಅಕ್ಷರ ಯಾವಾಗಲೂ ದುಂಡಗೇ ಇರುತ್ತದೆ.

ಈ ನಡುವೆ ಹೊಗೆಯ ರಗಳೆ ಶುರುವಾಯಿತು. ಕಾರ್ಖಾನೆಯ ಹಿಂದಿನ ಮನೆಯ ನಾಗಪತಿ ಮಾಸ್ತರು ಅಂಗಳದಲ್ಲಿ ಒಣಹಾಕಿದ ಹಲಸಿನ ಹಪ್ಪಳದ ಮೇಲೆ ಮಸಿ ಬಿದ್ದದ್ದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿ ಮಾಲಿನ್ಯ ಮಂಡಳಿಗೆ ಕಳಿಸಿದರು. ಅವರದೇನೂ ತಪ್ಪಿಲ್ಲ. ಗೇರುಸಿಪ್ಪೆ ಉರಿಸಿದರೆ ಏಳುವ ಹೊಗೆ ಕಪ್ಪು, ಜಿಗುಟು, ಗಂಟಲಿಗೆ ಇಳಿದರೆ ಕೆಮ್ಮು ಬಿಡುವುದಿಲ್ಲ. ಹಿಂದೆಲ್ಲ ಮಂಡಳಿಯ ಸಾಹೇಬರ ಜೀಪು ಹೊನ್ನಾವರ ಮುಟ್ಟಿದೊಡನೆ ಫೋನು ಬರುತ್ತಿತ್ತು. ಒಲೆಯಿಂದ ಸಿಪ್ಪೆ ತೆಗೆದು ಒಣಗಿದ ಗಾಳಿಮರದ ಸೌದೆ ಹಾಕಿ, ಬಾಯ್ಲರನ್ನು ಅರ್ಧಕ್ಕೆ ನಡೆಸಿ ಬಿಳಿ ಹೊಗೆ ತೋರಿಸಿ ಕಳಿಸುತ್ತಿದ್ದರು. ಈ ಸಲ ಆ ಆಟ ನಡೆಯಲಿಲ್ಲ. ಚಿಮಣಿ ಎತ್ತರಿಸಬೇಕು, ಅದಕ್ಕೆ ಏಣಿ, ನಿಲ್ಲಲು ಅಟ್ಟ, ಹೊಗೆ ಹಿಡಿಯಲು ತೂತು ಇಡಬೇಕು, ಬಾಯ್ಲರ್ ಪೂರ್ತಿ ಬಲದಲ್ಲಿ ನಡೆಯುವಾಗಲೇ ಒಂದು ತಾಸು ಹೊಗೆಯ ದೂಳು ಅಳೆಯಬೇಕು, ನಿಯಮದ ಮಿತಿ ಮೀರಿದರೆ ಬೀಗ. ಹೀಗೆ ಪತ್ರ ಬಂತು.

ಚಿಮಣಿ ಎದ್ದಿತು, ಅದಕ್ಕೆ ಕೆಂಪು ಬಿಳಿ ಬಣ್ಣವೂ ಬಂತು. ಇಡೀ ಕಾರ್ಖಾನೆಯ ಕಣ್ಣು ಅದರ ತುದಿಯ ಮೇಲಿತ್ತು. ಬುಡದಲ್ಲಿರುವ ಬಾಯ್ಲರು ಐದಾರು ವರ್ಷದಿಂದ ಪೂರ್ತಿ ಬಲದಲ್ಲಿ ನಡೆದೇ ಇಲ್ಲ ಎಂಬುದು ಜಟ್ಟಿಗೆ ಮಾತ್ರ ನೆನಪಿತ್ತು. ಪರೀಕ್ಷೆಯ ದಿನ ಬೆಳಿಗ್ಗೆ ಅವನು ತಿಂಡಿಯ ತಟ್ಟೆ ದೂಡಿ ಎದ್ದ.

"ಎಂತ ಆಯ್ತು ನಿಮ್ಗೆ?" ಎಂದಳು ಸೋಮಿ.

"ಎಂತ ಇಲ್ಲ. ನೀ ಇವತ್ತು ರಜೆ ಹಾಕು."

"ಸಾಹೇಬ್ರು ಬರೂ ದಿನ ರಜೆ ಹಾಕಿದ್ರೆ ರಮಾನಂದಣ್ಣ ಸುಮ್ನೆ ಬಿಡ್ತಾರಾ?" ಎಂದು ಅವಳು ಬುತ್ತಿ ಕಟ್ಟಿದಳು. ಯಾಕೆ ಎಂದು ಕೇಳಿದ್ದರೆ ಅವನು ಹೇಳಿಬಿಡುತ್ತಿದ್ದನೋ ಏನೋ. ಅವಳು ಕೇಳಲಿಲ್ಲ.

ಎಂಟಕ್ಕೆ ತಿರುಪಿನ ಮೇಲೆ ಕೈಯಿಟ್ಟ. ಗಾಯದ ಚರ್ಮ ಜುಂ ಎಂದಿತು. ಕೈ ತೆಗೆದು, ರಿಜಿಸ್ಟರು ಎಳೆದುಕೊಂಡು, ದುಂಡಗೆ ಬರೆದ.

ಹತ್ತಕ್ಕೆ ಮಂಡಳಿಯ ಸಾಹೇಬರು ಬಂದರು. ಅವರ ಜೊತೆ ಪ್ರಯೋಗಾಲಯದ ಹುಡುಗಿ ಅಂಕಿತಾ, ಭಟ್ಕಳದ ಕಡೆಯವಳು. ಸೊಂಟಕ್ಕೆ ಪಟ್ಟಿ ಬಿಗಿದು, ಹೊಗೆ ಅಳೆಯುವ ಪೆಟ್ಟಿಗೆ ಹೆಗಲಿಗೆ ಹಾಕಿ, ಅಷ್ಟೆತ್ತರದ ಏಣಿಯನ್ನು ಮನೆ ಮೆಟ್ಟಿಲು ಹತ್ತುವ ಹಾಗೆ ಹತ್ತಿದಳು. ಜಟ್ಟಿಗೆ ನೋಡಿಯೇ ತಲೆ ತಿರುಗಿತು. ಒಲೆಗೆ ಸೌದೆ ತುಂಬಿದ, ಗಾಳಿ ಬಿಟ್ಟ, ನೀರಿನ ಪಂಪು ಹಾಕಿದ. ಬೀಜ ಬೇಯಿಸುವ ಮೂರೂ ಹಂಡೆಗೆ ಒಟ್ಟಿಗೆ ಹಬೆ ಬಿಟ್ಟರು. ಬೆಂಕಿ ಮೊರೆಯತೊಡಗಿತು.

ಪಂಪು ಹಾಕಿದ್ದಕ್ಕೆ ಗೀಟು ಒಂದು ಬೆರಳು ಮೇಲೇರಬೇಕಿತ್ತು. ಏರಲಿಲ್ಲ. ಇಷ್ಟು ಹಬೆ ಎಳೆದದ್ದಕ್ಕೆ ಕೆಳಗಾದರೂ ಇಳಿಯಬೇಕಿತ್ತು. ಇಳಿಯಲಿಲ್ಲ. ಸರಿಯಾಗಿ ಅರ್ಧಕ್ಕೆ, ನೋಡಿದವರು ಮೆಚ್ಚುವ ಹಾಗೆ, ಪಟದಲ್ಲಿ ಬರೆದಂತೆ ನಿಂತಿತ್ತು. ಜಟ್ಟಿ ಹತ್ತಿರ ಹೋಗಿ ಉಸಿರು ಬಿಗಿಹಿಡಿದು ನೋಡಿದ. ನೆಲ ನಡುಗುತ್ತಿತ್ತು, ಗೋಡೆಯ ತಗಡು ನಡುಗುತ್ತಿತ್ತು. ಗೀಟು ಮಾತ್ರ ಅಲ್ಲಾಡಲಿಲ್ಲ.

ತಿರುಪು ಹಿಡಿದು ಎಳೆದ. ಅದು ಕಲ್ಲಾಗಿತ್ತು. ಎರಡೂ ಕೈಯಿಂದ ಎಳೆದ, ಕೂದಲೆಳೆಯಷ್ಟೂ ಸರಿಯಲಿಲ್ಲ. ಮತ್ತೆ ಪಂಪು ಹಾಕುವ ಹಾಗೂ ಇಲ್ಲ. ಒಳಗೆ ಕಬ್ಬಿಣ ಕಾದು ಕೂತಿದ್ದರೆ ತಣ್ಣೀರು ಬಿದ್ದ ಕ್ಷಣವೇ ಎಲ್ಲ ಮುಗಿಯಿತು. ಗೋಡೆಯಾಚೆ ಯಾರೋ ಜೋರಾಗಿ ನಕ್ಕರು. ಸೋಮಿಯೇ ಇರಬೇಕು.

ಹೊರಗೆ ಓಡಿ ರಮಾನಂದನ ತೋಳು ಹಿಡಿದ. "ಬೆಂಕಿ ತೆಗೀಬೇಕು. ಈಗ್ಲೇ. ಹೆಂಗಸ್ರನ್ನ ಹೊರಗೆ ಕಳ್ಸಿ."

ರಮಾನಂದ ಒಳಗೆ ಬಂದು ಗಾಜು ನೋಡಿದ. "ಅರ್ಧ ನೀರು ಇದ್ಯಲ್ಲ! ನಿಂಗೆ ಹೆದ್ರೂದು ಒಂದು ಚಾಳಿ. ಇನ್ನು ಇಪ್ಪತ್ತು ನಿಮಿಷ, ತಡ್ಕೊ. ಈಗ ಬೆಂಕಿ ಎಳೆದ್ರೆ ಕರಿಹೊಗೆ ಪೂರಾ ಅವಳ ಪೆಟ್ಟಿಗೆಗೆ ಹೋಗ್ತದೆ. ನಾಳೆ ಬೀಗ."

"ಆ ನೀರು ಸುಳ್ಳು."

"ಸುಳ್ಳು ಹೇಗಾಗ್ತದೆ?" ರಮಾನಂದ ರಿಜಿಸ್ಟರು ಎತ್ತಿ, ಬಾಗಿಲಿಗೆ ಬಂದ ಸಾಹೇಬರಿಗೂ ಕಾಣುವಂತೆ ಹಿಡಿದ. "ಎಂಟು ಗಂಟೆಗೆ ತೊಳೆದಿದ್ದಿ. ನಿಂದೇ ಅಕ್ಷರ, ನಿಂದೇ ಸಹಿ."

ಜಟ್ಟಿ ತನ್ನ ಸಹಿ ನೋಡಿದ. ನಿಜ ಹೇಳಿದರೆ ದೇವರ ಪಟದ ಪಕ್ಕದ ಆ ಸರ್ಟಿಫಿಕೇಟು ಹೋಯಿತು, ಇಪ್ಪತ್ತಾರು ವರ್ಷವೂ ಹೋಯಿತು. ಹೇಳದಿದ್ದರೆ ಗೋಡೆಯಿಂದ ಮೂರನೆಯ ಮಣೆ. ಅಷ್ಟು ಹೊತ್ತು ಅವನನ್ನು ನಡುಗಿಸುತ್ತಿದ್ದ ನೂರೆಂಟು ಹೆದರಿಕೆಗಳನ್ನೆಲ್ಲ ಒಂದೇ ಒಂದು ದೊಡ್ಡ ಹೆದರಿಕೆ ನುಂಗಿತು.

"ನಾ ಬರ್ದದ್ದು ಸುಳ್ಳು," ಎಂದ, ಸಾಹೇಬರ ಮುಖ ನೋಡಿಯೇ ಹೇಳಿದ. "ಇವತ್ತು ತೊಳೀಲಿಲ್ಲ, ನಿನ್ನೆ ತೊಳೀಲಿಲ್ಲ. ಚೌತಿ ಆದ್ಮೇಲೆ ಒಂದು ದಿನವೂ ತೊಳೀಲಿಲ್ಲ ಸರ್. ದಿನಾ ಸುಮ್ನೆ ಬರ್ದೆ. ಒಳಗೆ ನೀರಿಲ್ಲ. ಆ ಹುಡ್ಗಿನ ಇಳ್ಸಿ."

 ಸಾಹೇಬರು ಚಿಮಣಿಯ ಕಡೆ ಓಡಿದರು, ರಮಾನಂದ ಹಾಲಿನ ಕಡೆ. ಜಟ್ಟಿ ಗಾಳಿಯ ಬಾಗಿಲು ಮುಚ್ಚಿ, ಉದ್ದದ ಕೊಕ್ಕೆ ತೆಗೆದುಕೊಂಡು ಉರಿವ ಸೌದೆಯನ್ನು ಹೊರಗೆ ಎಳೆಯತೊಡಗಿದ. ಓಡಿಹೋಗು ಎಂದು ಮೈಯ ಒಂದೊಂದು ರೋಮವೂ ಹೇಳುತ್ತಿತ್ತು. ಹೆಂಗಸರು ಮಣೆ ಬಿಟ್ಟು, ಚಪ್ಪಲಿ ಬಿಟ್ಟು ಹೆದ್ದಾರಿಗೆ ಓಡಿದರು. ಚಿಮಣಿಯಿಂದ ಕರೀ ಹೊಗೆ ಕವುಚಿ ಬಿತ್ತು. ಅದರೊಳಗಿಂದ ಅಂಕಿತಾ ಕೆಮ್ಮುತ್ತ, ಒಂದೊಂದೇ ಮೆಟ್ಟಿಲಿಗೆ ಕೊಂಡಿ ಹಾಕುತ್ತ, ತೆಗೆಯುತ್ತ ಇಳಿಯುತ್ತಿದ್ದಳು. ಅವಳ ಕಾಲು ನೆಲಕ್ಕೆ ತಾಗಿತೆಂದು ಯಾರೋ ಕೂಗಿದ ಮೇಲೆಯೇ ಜಟ್ಟಿ ಕೊಕ್ಕೆ ಬಿಸಾಡಿ ಹೊರಗೆ ಓಡಿ ಬಂದು, ಗಟಾರದ ಬದಿಗೆ ಕೂತ. ಸೋಮಿ ಬಂದು ಬೆನ್ನು ನೀವಿದಳು.

ಬಾಯ್ಲರು ಸಿಡಿಯಲಿಲ್ಲ. ಎರಡು ದಿನ ಬಿಟ್ಟು ಮುಚ್ಚಳ ಬಿಚ್ಚಿ ನೋಡಿದಾಗ ಮೇಲಿನ ಸಾಲಿನ ಕೊಳವೆಗಳು ಸುಟ್ಟು ನೀಲಿಯಾಗಿದ್ದವು. ಒಂದಂತೂ ಹಲಸಿನ ಬೇಳೆಯ ಹಾಗೆ ಉಬ್ಬಿತ್ತು. ಇನ್ನು ಎಷ್ಟು ನಿಮಿಷ ತಡೆಯುತ್ತಿತ್ತು ಎಂದು ಬಾಯ್ಲರ್ ಇಲಾಖೆಯವರನ್ನು ರಮಾನಂದ ಕೇಳಿದ. ಅವರು ಉಬ್ಬಿದ ಕೊಳವೆಯನ್ನು ಬೆರಳಿನಿಂದ ತೋರಿಸಿದರು.

ಹೊಗೆಯ ಪರೀಕ್ಷೆ ಫೇಲು. ಕಾರ್ಖಾನೆ ಐದು ತಿಂಗಳು ಮುಚ್ಚಿತು. ಸುಳ್ಳು ಬರೆದದ್ದಕ್ಕೆ ಜಟ್ಟಿಯ ಸರ್ಟಿಫಿಕೇಟು ರದ್ದಾಯಿತು. ಜೀವ ಉಳಿದದ್ದಕ್ಕೆ ಕೈಮುಗಿದ ಹೆಂಗಸರೇ ಎರಡನೆಯ ತಿಂಗಳಿಗೆ, ಇವನು ದಿನಾ ತೊಳೆದಿದ್ದರೆ ನಮ್ಮ ಹೊಟ್ಟೆಗೆ ಕಲ್ಲು ಬೀಳುತ್ತಿತ್ತಾ ಎಂದರು. ಅವರ ಮಾತು ಸುಳ್ಳಲ್ಲ. 

ಹೊಸ ಬಾಯ್ಲರ್ ಬಂತು, ಹೊಗೆಯ ದೂಳು ಹಿಡಿಯುವ ಯಂತ್ರವೂ ಬಂತು. ಮಾಸ್ತರ ಹಪ್ಪಳ ಈಗ ಬೆಳ್ಳಗೆ ಒಣಗುತ್ತದೆ. ಬಾಯ್ಲರ್ ನೋಡಲು ಭಟ್ಕಳದಿಂದ ಸುಮಿತ ಎಂಬ ಮೂವತ್ತೈದರ ಆಸಾಮಿ ಬಂದ, ಚುರುಕಿನವನು, ಯಾವುದಕ್ಕೂ ಹೆದರದವನು. ಜಟ್ಟಿ ಅದೇ ಕಾರ್ಖಾನೆಯಲ್ಲಿ ಮೂಟೆ ಹೊರುತ್ತಾನೆ. ಬೆಳಿಗ್ಗೆ ಎಂಟಕ್ಕೆ ಎಲ್ಲಿದ್ದರೂ ಅವನ ಕಿವಿ ತಗಡಿನ ಕೋಣೆಯ ಕಡೆಗಿರುತ್ತದೆ. ಬುಸ್ಸೆಂಬ ಸದ್ದು ಬಂದ ಮೇಲೆಯೇ ಅವನು ಮುಂದಿನ ಮೂಟೆಗೆ ಬೆನ್ನು ಕೊಡುವುದು.

ಕಳೆದ ವಾರ ಒಂದು ದಿನ ಎಂಟಾಯಿತು, ಎಂಟೂಕಾಲಾಯಿತು. ಸದ್ದು ಬರಲಿಲ್ಲ. ಜಟ್ಟಿ ಮೂಟೆ ಕೆಳಗಿಳಿಸಿ, ಒಳಗೆ ಹೋದ. ಸುಮಿತ ಮೊಬೈಲು ನೋಡುತ್ತ ಕೂತಿದ್ದ. ಮೇಜಿನ ಮೇಲೆ ರಿಜಿಸ್ಟರು ತೆರೆದಿತ್ತು. ಎಂಟು ಗಂಟೆಯ ಎದುರಿಗೆ ದುಂಡಗಿನ ಅಕ್ಷರ: ಗಾಜು ತೊಳೆದಿದೆ, ಸರಿ ಇದೆ.

"ಬರ್ದಾತಾ?" ಎಂದ ಜಟ್ಟಿ.

"ಆತು. ಎಂತಕ್ಕೆ?"

 ಜಟ್ಟಿ ಗಾಜಿನ ಎದುರಿಗೆ ಹೋಗಿ, ಗಾಯದ ಕೈಯನ್ನೇ ಚಾಚಿ ತಿರುಪು ಹಿಡಿದ.  ಕಣ್ಣು ಮುಚ್ಚಿಕೊಂಡೇ ತಿರುಗಿಸಿದ. ಬುಸ್ಸೆಂದು ಹಬೆ ಹಾರಿತು, ಗೀಟು ಮಾಯವಾಯಿತು, ತಿರುಪು ಮುಚ್ಚಿದೊಡನೆ ಮತ್ತೆ ಮೇಲೆ ಬಂದು ಅಲ್ಲಾಡತೊಡಗಿತು.

"ಗೋಡೆಯಿಂದ ಮೂರನೇ ಮಣೆ ನನ್ನ ಹೆಂಡ್ತಿದು," ಎಂದು ಸುಮಿತನಿಗೆ ಹೇಳಿ, ಜಟ್ಟಿ ಮೂಟೆಯ ಕಡೆಗೆ ಹೋದ.