ನಮ್ಮ ಗ್ಯಾಸ್ ಒಲೆ ವಾಪಸ್ ಹೋಗಲಿಲ್ಲ

ಗ್ಯಾಸ್ ಒಲೆ ನಾಳೆನೇ ವಾಪಸ್ ಕೊಟ್ಟು ಬಾ ಅಂತ ಮಾವನವರು ನಮ್ಮ ಯಜಮಾನರಿಗೆ ಹೇಳಿದಾಗ, ನಾನು ಅಡುಗೆಮನೆಯಲ್ಲಿ ಜೋಳದ ಹಿಟ್ಟು ನಾದುತ್ತಿದ್ದೆ. ಕೈ ಅಲ್ಲೇ ನಿಂತುಬಿಟ್ಟಿತು.

ಯಜಮಾನರು ಹೂಂ ಅಂದರು. ಅಪ್ಪನ ಮಾತಿಗೆ ಹೂಂ ಅನ್ನೋದರಲ್ಲಿ ಅವರು ಮೊದಲಿನಿಂದಲೂ ಫಸ್ಟ್ ಕ್ಲಾಸ್.

ಎಂಬತ್ತರ ದಶಕದ ಮಾತು. ಮಹಾರಾಷ್ಟ್ರದ ಗಡಿಯಲ್ಲಿ, ಇಚಲಕರಂಜಿ ಪಕ್ಕದ ಕಬನೂರಿನಲ್ಲಿ ನಮ್ಮ ಮನೆ. ಮುಂದೆ ಪವರ್‌ಲೂಮ್, ಹಿಂದೆ ಅಡುಗೆಮನೆ, ನಡುವೆ ಒಂದೇ ಬಾಗಿಲು. ಮಗ್ಗ ನಡೆಯುವಾಗ ಹತ್ತಿ ಧೂಳು ಹಾರಿ ಬಂದು ತಲೆಗೂದಲಿನ ಮೇಲೆ, ಸಾರಿನ ಮೇಲೆ, ದೇವರ ಜಗಲಿಯ ಮೇಲೂ ಕೂರುತ್ತಿತ್ತು.

ನಂಬರ್ ಹಚ್ಚಿ ವರ್ಷಗಟ್ಟಲೆ ಕಾದ ಮೇಲೆ ಸಿಕ್ಕ ಗ್ಯಾಸ್ ಅದು.

ನಾನು ಮಹಾಗಾಂವದ ಒಕ್ಕಲುತನದ ಮನೆಯವಳು, ಕಟ್ಟಿಗೆ ಒಲೆ ಊದಿಯೇ ದೊಡ್ಡವಳಾದವಳು. ನನಗೆ ಹೊಗೆ ಹೊಸದಲ್ಲ. ಆದರೆ ನಮ್ಮ ಅತ್ತೆಗೆ ಹೊಗೆ ಕುಡಿದು ಕುಡಿದು ದಮ್ಮು ಹತ್ತುತ್ತಿತ್ತು. ಗ್ಯಾಸ್ ಬಂದ ಮೇಲೆ ಅವರ ಕೆಮ್ಮು ಕಡಿಮೆಯಾಗಿ, ಸರಿಯಾಗಿ ನಿದ್ದೆ ಮಾಡತೊಡಗಿದ್ದರು.

ಒಲೆ ಹೋದರೆ ಆ ಕೆಮ್ಮು ಮತ್ತೆ ಬರುತ್ತೆ. ಅದೇ ನನ್ನ ಸಂಕಟ.

ಮಾವನವರ ಹೆದರಿಕೆಯೂ ಸುಳ್ಳಲ್ಲ. ಮೊದಮೊದಲು ನೀಲಿಯಾಗಿ ಉರಿಯುತ್ತಿದ್ದ ಒಲೆ ಬರಬರುತ್ತಾ ಹಳದಿಯಾಗಿ ಉರಿಯತೊಡಗಿತ್ತು. ಪಾತ್ರೆ ತಳವೆಲ್ಲ ಕಾಡಿಗೆ. ಆವತ್ತು ಬೆಳಿಗ್ಗೆಯಂತೂ ಭಪ್ ಅಂತ ಉರಿ ಎದ್ದು ಅತ್ತೆಯ ಸೆರಗಿನ ತನಕ ಬಂದಿತ್ತು.

"ಮನಿ ತುಂಬ ಸೂತ ಐತಿ. ಒಂದು ಕಿಡಿ ಬಿತ್ತಂದ್ರ ಮಗ್ಗನೂ ಇಲ್ಲ, ನಾವೂ ಇಲ್ಲ," ಅಂದರು ಮಾವನವರು, ನೂಲಿನ ಕಟ್ಟುಗಳನ್ನು ತೋರಿಸುತ್ತಾ.

ಅತ್ತೆ ಪಾಪ, ಆ ಒಲೆಯನ್ನು ನೋಡಿಕೊಂಡಷ್ಟು ಚೆನ್ನಾಗಿ ಯಾರೂ ನೋಡಿಕೊಂಡಿರಲಿಕ್ಕಿಲ್ಲ. ಮಣ್ಣಿನ ಒಲೆಯನ್ನು ದಿನಾ ಸಾರಿಸುತ್ತಿದ್ದ ಹಾಗೇ ಇದಕ್ಕೂ... ಸ್ನಾನ ಮಾಡಿ, ಒಲೆ ಒರೆಸಿ, ವಿಭೂತಿ ಎಳೆದು, ಹೂವಿಟ್ಟ ಮೇಲೇ ಚಹಾ. ನನಗೂ ಮುಟ್ಟಲು ಬಿಡುತ್ತಿರಲಿಲ್ಲ.

ಒರೆಸುತ್ತಿದ್ದದ್ದು ಮಾತ್ರ ಮಗ್ಗದಿಂದ ಬೀಳುವ ವೇಸ್ಟ್ ಸೂತಿನ ಉಂಡೆಯಿಂದ. ನಮ್ಮ ಕಡೆ ಸೈಕಲ್ ಒರೆಸುವುದೂ ಅದರಲ್ಲೇ, ಕಂದೀಲಿನ ಗಾಜು ಒರೆಸುವುದೂ ಅದರಲ್ಲೇ. ಬರ್ನರ್ ಮೇಲೂ ಅದನ್ನೇ ಗಸಗಸ ಉಜ್ಜೋರು.

ಆ ದಿನ ರೊಟ್ಟಿ ಬಡಿಯಲು ಕೂತವಳು ಉರಿಯನ್ನೇ ನೋಡ್ತಾ ಇದೀನಿ. ಬರ್ನರ್ ತೂತಿನಿಂದ ಒಂದು ಎಳೆ ಹೊರಗೆ ಇಣುಕಿತು, ಕೆಂಪಗಾಗಿ ಸುಟ್ಟುಹೋಯಿತು.

ಮೇಲೆ ಒಂದು ಎಳೆ ಇದ್ದರೆ ಒಳಗೆಷ್ಟಿರಬೇಡ?

ಊಟ ಮುಗಿಸಿ ಮಾವನವರು ಸೂತು ತರಲು ಪೇಟೆಗೆ ಹೋದರು. ನಾನು ಧೈರ್ಯ ಮಾಡಿ ಕೇಳಿದೆ, "ಅತ್ತ್ಯಾರ, ಹೆಂಗೂ ನಾಳೆ ಹೋಗೂದೈತಿ. ಒಮ್ಮೆ ಬಿಚ್ಚಿ ನೋಡ್ಲೇನ್ರಿ?"

ಅತ್ತೆ ಬಾಗಿಲ ಕಡೆ ನೋಡಿದರು. ಅವರು ಬರೋದರೊಳಗೆ ಮತ್ತೆ ಕೂಡಿಸಿಬಿಡು ಅಂತಷ್ಟೇ ಹೇಳಿದರು.

ರೆಗ್ಯುಲೇಟರ್ ಬಂದ್ ಮಾಡಿ ಸಿಲಿಂಡರಿನಿಂದ ಬಿಚ್ಚಿಟ್ಟೆ. ಒಲೆಯನ್ನು ಹಿತ್ತಲಿಗೆ ತಂದು ಬರ್ನರ್ ಎತ್ತಿದೆ. ಕೆಳಗಿನ ಕೊಳವೆಯೊಳಗೆ ಬೆರಳಿಗೆ ಏನೋ ಮೆತ್ತಗೆ ಹತ್ತಿತು. ಎಳೆದರೆ ಬಂತು ನೋಡಿ, ದೀಪದ ಬತ್ತಿಯ ಹಾಗೆ ಹೊಸೆದುಕೊಂಡಿದ್ದ ಕಪ್ಪು ಸೂತು!

ಗಾಳಿ ಹೋಗುವ ದಾರಿಯೇ ಮುಚ್ಚಿಹೋಗಿತ್ತು. ಉರಿ ಹಳದಿಯಾಗದೆ ಇನ್ನೇನಾದೀತು?

ಅದು ತಾವು ಒರೆಸುತ್ತಿದ್ದ ಸೂತು ಅಂತ ಅತ್ತೆಗೆ ತಕ್ಷಣ ಗೊತ್ತಾಯಿತು. ಹಾರಿ ಬಂದ ಧೂಳು ಅಷ್ಟು ಉದ್ದ ಇರುವುದಿಲ್ಲ. ಅವರ ಮುಖ ಸಣ್ಣದಾಯಿತು. ಮಗ್ಗದ ಧೂಳು ರೀ ಅತ್ತ್ಯಾರ, ಬಾಗಿಲು ತೆರೆದೇ ಇರುತ್ತಲ್ಲ ಅಂತ ನಾನು ಏನೋ ಹೇಳಿದೆ.

ಅವರು ಒಳಗೆ ಹೋದರು. ಬಂದಾಗ ಕೈಯಲ್ಲಿ ಅವರ ಕೊಕ್ಕೆ. ಮಗ್ಗದ ಬಾಚಣಿಗೆಯಂಥ ಫಣಿಯೊಳಗೆ ಒಂದೊಂದೇ ಎಳೆ ಎಳೆಯಲು ಬಳಸುವ ತೆಳು ಕೊಕ್ಕೆ ಅದು. ಅದನ್ನು ಬೇರೆಯವರು ಮುಟ್ಟಿದರೆ ಅವರಿಗೆ ಆಗುತ್ತಿರಲಿಲ್ಲ. ಅದನ್ನು ನನ್ನ ಕೈಗಿಟ್ಟರು.

ಕೊಳವೆಯೊಳಗಿದ್ದದ್ದನ್ನೆಲ್ಲ ಕೊಕ್ಕೆಯಿಂದ ಎಳೆದು ತೆಗೆದೆ. ಹಿತ್ತಾಳೆ ಬರ್ನರನ್ನು ಬಿಸಿ ಹುಣಸೆನೀರಲ್ಲಿ ನೆನೆಸಿ, ಉಜ್ಜಿ, ತೂತುಗಳನ್ನು ಪಿನ್ನಿನಿಂದ ಬಿಡಿಸಿದೆ. ಒಂದು ಹನಿ ನೀರು ಉಳಿಯದ ಹಾಗೆ ಬಿಸಿಲಿಗೆ ಒಣಗಿಸಿದೆ. ಮತ್ತೆ ಜೋಡಿಸಿ, ಪೈಪಿನ ಸಂದಿಗೆ ಸಾಬೂನು ನೀರು ಹಚ್ಚಿ ಗುಳ್ಳೆ ಬರುತ್ತಾ ಅಂತಲೂ ನೋಡಿದೆ. ಸಿಲಿಂಡರ್ ತಂದವನು ಯಜಮಾನರಿಗೆ ತೋರಿಸಿದ್ದನ್ನು ನಾನು ಬಾಗಿಲ ಮರೆಯಿಂದ ನೋಡಿ ಕಲಿತಿದ್ದೆ!

ಸಂಜೆ ಮಾವನವರು ಬಂದರು, ಯಜಮಾನರೂ ಅಲ್ಲೇ ಇದ್ದರು. ಒಲೆ ಬಿಚ್ಚಿಡಿ ಅಂದರು. ಅತ್ತೆ ಕಡ್ಡಿ ಗೀರಿ ಹಚ್ಚಿಯೇಬಿಟ್ಟರು.

ನೀಲಿ ಉರಿ... ಸುತ್ತಲೂ ಒಂದೇ ಸಮ.

ಮಾವನವರು ಬಗ್ಗಿ ನೋಡಿದರು. ಯಾರನ್ನು ಕರೆಸಿ ರಿಪೇರಿ ಮಾಡಿಸಿದಿರಿ ಅಂತ ಕೇಳಿದರು. ನಾನು ಸೆರಗು ಎಳೆದುಕೊಂಡು ಗೋಡೆಗೆ ಅಂಟಿ ನಿಂತಿದ್ದೆ.

"ಯಾರೂ ಬಂದಿಲ್ಲ. ನಮ್ಮ ಸುಮಿತ್ರಾ ಬಿಚ್ಚ್ಯಾಳ, ಆಕಿನ ಕೂಡಿಸ್ಯಾಳ," ಅಂದರು ಅತ್ತೆ. "ಸೂತಿಲೆ ಒರಸಿ ಒರಸಿ ಕೆಡಿಸಿದಾಕಿ ನಾನು. ಇನ್ನ ಮ್ಯಾಲೆ ಒಲಿ ಕೆಲಸ ಆಕಿ ಹೇಳಿದ್ಹಂಗ."

ನಾನು ಮುಚ್ಚಿಟ್ಟಿದ್ದನ್ನು ಅವರೇ ಗಂಡನ ಮುಂದೆ, ಮಗನ ಮುಂದೆ ಹೇಳಿಬಿಟ್ಟರು. ಆ ಕಾಲದಲ್ಲಿ, ಒಬ್ಬ ಅತ್ತೆ!

ಮಾವನವರು ಇನ್ನೊಮ್ಮೆ ಉರಿಯನ್ನು ಬಗ್ಗಿ ನೋಡಿ, ಹಂಗಾರ ಚಹಾ ಇಡ್ರಿ ಅಂದರು.

ಆಮೇಲೆ ಓಣಿಯಲ್ಲಿ ಯಾರ ಮನೆ ಬರ್ನರ್ ಕಟ್ಟಿಕೊಂಡರೂ ನನಗೇ ಕರೆ. ಈಗ ಮಗಳ ಮನೆಯಲ್ಲಿ ಗಾಜಿನ ಒಲೆ ಇದೆ, ಅದನ್ನು ಒರೆಸುವ ಬಟ್ಟೆ ಆರಿಸುವುದೂ ನಾನೇ. ಹೌದು, ಜಂಬ ಇದೆ ನನಗೆ.

ಆದರೆ ಆ ಸಂಜೆ "ನಮ್ಮ ಸುಮಿತ್ರಾ" ಅಂದರಲ್ಲ... ಮದುವೆಯಾಗಿ ಬಂದ ಮೇಲೆ ಆ ಮನೆ ನಂದು ಅಂತ ಅನ್ನಿಸಿದ್ದು ಅವತ್ತೇ. ನಿಮಗೆ ಯಾವಾಗ ಅನ್ನಿಸಿತು?