ಕನ್ನಿಯಮ್ಮನ ಮನೆ ಯಾರದು?

ಹೋದ ಮಂಗಳವಾರ ಮಧ್ಯಾಹ್ನವೆಲ್ಲ ನಾನು ರಾಯಪುರಂನಲ್ಲಿ ಒಂದು ಮಹಡಿ ಮೆಟ್ಟಿಲ ಮೇಲೆ ಕೂತಿದ್ದೆ. ಸಾಮಾನು ಹೊತ್ತವರು ಯಾರೂ ಮೇಲೆ ಹತ್ತಬಾರದು. ನನಗೆ ವಹಿಸಿದ್ದ ಕೆಲಸ ಅಷ್ಟೇ.

ನಗಬೇಡಿ. ಗಂಜಿ ಹಾಕಿದ ಸೀರೆ, ಮೂಗಿನ ಮೇಲೆ ಕನ್ನಡಕ, ತೊಡೆಯ ಮೇಲೆ ಹೊಲಿಗೆ ಚೀಲ. ಎಡಕ್ಕೆ ಅಕ್ಕಿ ಆರಿಸುವ ಮುದುಕಿ. ಬಲಕ್ಕೆ ಮಗುವಿಗೆ ಹಾಲೂಡಿಸುವ ತಾಯಿ. ಹಿಂದಿನ ಮೆಟ್ಟಿಲಲ್ಲಿ ಒಬ್ಬಳು ಇನ್ನೊಬ್ಬಳ ತಲೆ ಬಾಚುತ್ತಿದ್ದಳು. ಹೀಗೆ ಕೆಳಗಿನಿಂದ ಮೇಲಿನವರೆಗೂ ಹೆಂಗಸರೇ. ಅಡ್ಯಾರಿನ ನಮ್ಮ ಅತ್ತೆಯವರು ಕಂಡಿದ್ದರೆ ಏನನ್ನುತ್ತಿದ್ದರೋ. (ಅವರು ಈ ಅಂಕಣ ಓದುವುದಿಲ್ಲ. ದಯವಿಟ್ಟು ಯಾರೂ ಓದಿ ಹೇಳಬೇಡಿ.)

ಅಲ್ಲಿ ಹೋಗಿ ಯಾಕೆ ಕೂತೆ ಅಂತ ಮೊದಲಿನಿಂದ ಹೇಳುತ್ತೇನೆ.

ರಾಯಪುರಂ ಅಂದರೆ ಹಾರ್ಬರಿನ ಪಕ್ಕ, ಕಡಲ ದಂಡೆ. ಮೀನು ಹಿಡಿಯುವವರ ಗುಡಿಸಲುಗಳು ಅಲ್ಲಿ ಒಂದಕ್ಕೊಂದು ಆತುಕೊಂಡು ನಿಂತಿದ್ದವು. ಒಂದು ಬೇಸಗೆಯ ಮಧ್ಯಾಹ್ನ ಯಾವುದೋ ಒಲೆಯ ಕಿಡಿ ಹಾರಿ ಇಡೀ ಸಾಲು ಬೂದಿಯಾಯಿತು. ಮದರಾಸಿನಲ್ಲಿ ಬೇಸಗೆ ಬಂತೆಂದರೆ ಎಲ್ಲೋ ಒಂದು ಕಡೆ ಗುಡಿಸಲು ಸುಡುವುದು ಇದ್ದದ್ದೇ. ನಮಗದು ಪೇಪರಿನ ಒಳಪುಟದ ಸುದ್ದಿ. ಕಾಫಿಯ ಜೊತೆ ಓದಿ, ಅಯ್ಯೋ ಪಾಪ ಅಂದು, ಮಡಿಸಿಡುತ್ತೇವೆ.

ಆದರೆ ಈ ಸಲ ನಗರದ ಆಡಳಿತದವರು ಒಂದು ಸೀರೆ, ಒಂದು ಪಂಚೆ ಕೊಟ್ಟು ಕೈ ತೊಳೆದುಕೊಳ್ಳಲಿಲ್ಲ. ಹತ್ತಿರದಲ್ಲೇ ಮೂರು ಅಂತಸ್ತಿನ ಕಟ್ಟಡ ಎಬ್ಬಿಸಿದರು. ಟೆನೆಮೆಂಟ್ ಅನ್ನುತ್ತಾರೆ. ಸಂಸಾರಕ್ಕೊಂದು ಕೋಣೆ, ಮೂಲೆಯಲ್ಲಿ ಒಲೆ, ಮುಂದೆ ಉದ್ದಕ್ಕೂ ವರಾಂಡ. ಬಾಡಿಗೆ ಕೂಲಿಯವರಿಗೂ ಎಟುಕುವಂಥದ್ದು. ನೀರು ಮಾತ್ರ ಕೆಳಗಿನ ನಲ್ಲಿಯಿಂದ ಹೊರಬೇಕು. ಅದರ ಬಗ್ಗೆ ದೂರು ಇದ್ದೇ ಇದೆ. ಆದರೂ ಸಿಮೆಂಟಿನ ಸೂರು ಅಂದರೆ ಸಿಮೆಂಟಿನ ಸೂರು.

ಕೆಳಗೊಂದು ಹಾಲ್ ಕೂಡ ಕಟ್ಟಿಸಿ, ಅದನ್ನು ನಡೆಸಲು ಊರಿನ ಮಹಿಳಾ ಮಂಡಳಿಗಳನ್ನು ಕರೆದರು. ನಮ್ಮ ಕನ್ನಡ ಹೆಂಗಸರ ಪುಟ್ಟ ಮಂಡಳಿಯೂ ಒಪ್ಪಿಕೊಂಡಿತು. ಮಕ್ಕಳಿಗೆ ಹಾಲು, ತಾಯಂದಿರಿಗೆ ಹೊಲಿಗೆ. ಮಂಗಳವಾರ ನನ್ನ ಸರದಿ.

ಹೊಲಿಗೆ ಕ್ಲಾಸಿನ ಕತೆ ಕೇಳಿ. ಮೊದಲನೇ ದಿನವೇ ಮಿಷನ್ನಿನ ಮುಂದೆ ಕೂತವಳು ತೂಕಡಿಸಿದಳು. ಎರಡನೆಯವಳೂ ತೂಕಡಿಸಿದಳು. ಬೆಳಕು ಹರಿಯುವ ಮೊದಲೇ ದಂಡೆಗೆ ಹೋಗಿ ಮೀನು ಕೊಂಡು, ಬುಟ್ಟಿ ಹೊತ್ತು ಬೀದಿ ಬೀದಿ ತಿರುಗಿ ಬಂದವರು ತೂಕಡಿಸದೆ ಇನ್ನೇನು ಮಾಡುತ್ತಾರೆ? ಕಡೆಗೆ ನಾವು ಮಿಷನ್ನಿಗೆ ಬಟ್ಟೆ ಮುಚ್ಚಿ ಚಾಪೆ ಹಾಸಿದೆವು. ಅವರು ಮಲಗಿದರು. ಮಕ್ಕಳನ್ನು ನಾವು ನೋಡಿಕೊಂಡೆವು. ಈ ಊರಿನಲ್ಲಿ ನಾನು ಮಾಡಿದ ಸಮಾಜಸೇವೆಯಲ್ಲಿ ಯಾರಿಗಾದರೂ ನಿಜವಾಗಿ ಉಪಯೋಗ ಆದದ್ದಿದ್ದರೆ ಅದು ಆ ನಿದ್ದೆ.

ಹಾಗೆ ಮಲಗಿ ಏಳುವವರಲ್ಲಿ ಕನ್ನಿಯಮ್ಮ ಒಬ್ಬಳು. ಎರಡನೇ ಮಹಡಿಯವಳು. ಇಬ್ಬರು ಹೆಣ್ಣುಮಕ್ಕಳು. ಗಂಡ ಏಳುಮಲೈ ಬೇರೆಯವರ ದೋಣಿಯಲ್ಲಿ ಕಡಲಿಗೆ ಹೋಗುತ್ತಾನೆ.

ಈಗ ಮಂಗಳವಾರಕ್ಕೆ ಬರೋಣ. ನಾನು ಬಸ್ಸಿಳಿದು ಹೋದರೆ ಹಾಲಿನಲ್ಲಿ ಯಾರೂ ಇಲ್ಲ. ಎಲ್ಲರೂ ಮೆಟ್ಟಿಲ ಮೇಲೆ. ಪಾಪಮ್ಮ ಅನ್ನುವ ಮುದುಕಿ (ಹಿಂದೆ ಕನ್ನಿಯಮ್ಮನ ಪಕ್ಕದ ಗುಡಿಸಲಿನವಳು) ಸ್ವಲ್ಪ ಸರಿದು ಜಾಗ ಮಾಡಿದಳು.

"ಕೂತ್ಕೋ ತಾಯಿ. ಇವತ್ತು ಕ್ಲಾಸು ಇಲ್ಲೇ."

(ಅಲ್ಲಿ ಎಲ್ಲರೂ ಆಡಿದ್ದು ತಮಿಳು. ಅದೂ ಕಡಲ ದಂಡೆಯ ತಮಿಳು. ನಾನು ನಮ್ಮ ಮನೆಮಾತಿಗೆ ತಂದುಕೊಂಡಿದ್ದೇನೆ.)

ವಿಷಯ ಹೀಗೆ. ಏಳುಮಲೈಗೆ ಒಂದು ದೋಣಿಯಲ್ಲಿ ಪಾಲು ಸಿಗುವಂತಿತ್ತು. ಅದಕ್ಕಾಗಿ ಹೆಂಡತಿಗೆ ಹೇಳದೆ ಮನೆಯ ಕೀಲಿಕೈಯನ್ನು ಬಜಾರಿನ ಅಕ್ಕಿ ಅಂಗಡಿಯವರಿಗೆ ದುಡ್ಡಿಗೆ ಬಿಟ್ಟುಕೊಡುವುದಾಗಿ ಮಾತಾಡಿ, ಮುಂಗಡವನ್ನೂ ತೆಗೆದುಕೊಂಡಿದ್ದ. ಅವರು ಆ ಮಧ್ಯಾಹ್ನ ಸಾಮಾನು ತರುವವರಿದ್ದರು. ಹೆಂಡತಿ ಮಕ್ಕಳು ಮತ್ತೆ ದಂಡೆಗೆ ಹೋಗಿ ಗುಡಿಸಲು ಹಾಕಿಕೊಳ್ಳಬೇಕು. ಕನ್ನಿಯಮ್ಮನಿಗೆ ತಿಳಿದದ್ದು ಅವತ್ತು ಬೆಳಿಗ್ಗೆ.

ನನಗೆ ಸಿಟ್ಟು ಬಂತು. "ಏಳಿ, ಆಫೀಸಿಗೆ ಹೋಗೋಣ. ನಾನೇ ಕಂಪ್ಲೇಂಟ್ ಬರೆದುಕೊಡ್ತೀನಿ" ಅಂದೆ.

ಕನ್ನಿಯಮ್ಮ ನನ್ನ ಕೈ ಹಿಡಿದುಕೊಂಡಳು. "ಬೇಡಮ್ಮಾ. ಮನೆ ಮಾರಿದ್ದು ಗೊತ್ತಾದ್ರೆ ಅಲಾಟ್‌ಮೆಂಟೇ ಕ್ಯಾನ್ಸಲ್ ಮಾಡ್ತಾರೆ. ಆಮೇಲೆ ಅವರಿಗೂ ಇಲ್ಲ, ನಮಗೂ ಇಲ್ಲ."

ಅದು ನಿಜವೇ. ಬಡವರಿಗೆ ಕೊಟ್ಟದ್ದು ಉಳ್ಳವರ ಪಾಲಾಗಬಾರದು ಅಂತ ಮಾಡಿದ ಒಳ್ಳೆಯ ನಿಯಮ. ಆದರೆ ಮಾರಿದವನಿಗೆ ಬೀಳುವ ಪೆಟ್ಟು ಮಾರದವಳಿಗೂ ಬೀಳುತ್ತದೆ. ಅದಕ್ಕೇ ಇವರು ಜಗಳವಿಲ್ಲದೆ, ಪೊಲೀಸಿಲ್ಲದೆ, ಮೆಟ್ಟಿಲ ಮೇಲೆ ಸುಮ್ಮನೆ ಕೂತುಬಿಟ್ಟಿದ್ದರು. ನಾನೂ ಕೂತೆ.

"ನಿನ್ನ ಗಂಡ ಕೆಟ್ಟವನಾ?" ಕೇಳಿದೆ.

"ಕೆಟ್ಟವರಲ್ಲ. ಅವರಿಗೆ ಈ ಗೋಡೆ ಆಗಲ್ಲ. ಒಳಗೆ ಮಲಗಿದ್ರೆ ಉಸಿರು ಕಟ್ಟುತ್ತೆ ಅಂತಾರೆ. ಸ್ವಂತ ದೋಣಿ, ಸ್ವಂತ ಬಲೆ, ಅದೊಂದೇ ಆಸೆ."

"ನಿನಗೆ?"

ಅವಳು ಪಕ್ಕದ ಗೋಡೆಯ ಮೇಲೆ ಅಂಗೈ ಇಟ್ಟಳು. "ಬೆಂಕಿ ಬಿದ್ದಾಗ ಅವರು ಕಡಲಲ್ಲಿದ್ರು. ಸಣ್ಣವಳನ್ನ ಎತ್ಕೊಂಡು, ದೊಡ್ಡವಳನ್ನ ಎಳ್ಕೊಂಡು ಓಡಿದವಳು ನಾನು. ಅವರು ಬಂದು ನೋಡಿದ್ದು ಬೂದಿ, ನಾನು ನೋಡಿದ್ದು ಬೆಂಕಿ. ಈ ಗೋಡೆ ಉರಿಯಲ್ಲಮ್ಮಾ."



ಊಟದ ಹೊತ್ತು ಕಳೆದ ಮೇಲೆ ಕೈಗಾಡಿ ಬಂತು. ಮೇಲೆ ಪೆಟ್ಟಿಗೆ, ಹಾಸಿಗೆ ಸುರುಳಿ, ಹೊಸ ಪಾತ್ರೆಗಳು. ಹಿಂದೆ ಅಕ್ಕಿ ಅಂಗಡಿಯವರು. ನಾನು ಯಾರೋ ದಢೂತಿ ಆಸಾಮಿ, ಬೆರಳ ತುಂಬ ಉಂಗುರ ಇರಬಹುದು ಅಂದುಕೊಂಡಿದ್ದೆ. ಬಂದವರು ಬೆವರು ಒರೆಸಿಕೊಳ್ಳುತ್ತಿದ್ದ ಸಣಕಲು ಮನುಷ್ಯ. ಮಗಳ ಮದುವೆಯಾಗಿ ತಿಂಗಳಾಗಿತ್ತಂತೆ. ಅಂಗಡಿಯ ಹಿಂದಿನ ಒಂದೇ ಕೋಣೆಯಲ್ಲಿ ಅಳಿಯ, ಮಗಳು, ಇವರು, ಇವರ ಹೆಂಡತಿ, ನಾಲ್ವರೂ. ಈ ಊರಿನಲ್ಲಿ ಸೂರಿನ ಹಸಿವು ಬಡವರಿಗೊಬ್ಬರಿಗೇ ಅಲ್ಲ.

"ಸ್ವಲ್ಪ ದಾರಿ ಬಿಡಮ್ಮಾ" ಅಂದರು.

"ಬಿಡ್ತೀನಿ ಅಣ್ಣಾ. ಇದೊಂಚೂರು ಆರಿಸಿಬಿಡ್ತೀನಿ" ಅಂದಳು ಪಾಪಮ್ಮ. ಆರಿಸಿದ ಅಕ್ಕಿಯನ್ನೇ ಮತ್ತೆ ಮೊರಕ್ಕೆ ಸುರಿದುಕೊಂಡು ಆರಿಸತೊಡಗಿದಳು. "ಕಲ್ಲು ಜಾಸ್ತಿ. ನಿಮ್ಮ ಅಂಗಡಿದೇ."

ಮೆಟ್ಟಿಲುದ್ದಕ್ಕೂ ನಗು ಹತ್ತಿತು. ಅವರ ಮುಖದಲ್ಲೂ ನಗು ಬಂದು ಹೋಯಿತು. ಹೆಂಗಸರನ್ನು ದಾಟಿಕೊಂಡು ಹೋಗುವ ಪೈಕಿಯವರಲ್ಲ. ಗಾಡಿಯ ನೆರಳಿನಲ್ಲಿ ಕುಕ್ಕರುಗಾಲಿನಲ್ಲಿ ಕೂತರು. ಕನ್ನಿಯಮ್ಮನ ದೊಡ್ಡ ಮಗಳು ಒಂದು ಲೋಟ ನೀರು ತಂದು ಕೊಟ್ಟಳು. ಕುಡಿದು, ಲೋಟ ವಾಪಸ್ ಕೊಡುತ್ತ, ಆ ಹುಡುಗಿಯ ಮುಖ ನೋಡಿ ಇವಳ ಮನೆಗೇ ತಾನು ಬಂದದ್ದೆಂದು ಅವರಿಗೆ ಹೊಳೆದಿರಬೇಕು. ತಲೆ ತಗ್ಗಿಸಿದರು.

ಅಷ್ಟರಲ್ಲಿ ಯಾರೂ ಎಣಿಸದೆ ಇದ್ದದ್ದು ನಡೆಯಿತು. ಮನೆ ಕೊಟ್ಟ ಆಫೀಸಿನ ಇನ್ಸ್‌ಪೆಕ್ಟರು ಸೈಕಲ್ಲಿನಲ್ಲಿ ಬಂದಿಳಿದರು. ಕೆಟ್ಟುಹೋದ ನಲ್ಲಿ ನೋಡಲು ಬಂದವರು. ಮೆಟ್ಟಿಲ ತುಂಬ ಹೆಂಗಸರು, ಕೆಳಗೆ ಸಾಮಾನಿನ ಗಾಡಿ. ಇದೇನು ಅಂತ ಕೇಳಿದರು.  ಪಾಪಮ್ಮನ ಕೈ ಮೊರದ ಮೇಲೆ ನಿಂತುಬಿಟ್ಟಿತು.

ನನಗೆ ಏನು ತೋಚಿತೋ, ಗಾಬರಿಯಲ್ಲಿ ಕನ್ನಡದಲ್ಲೇ "ಅಯ್ಯೋ ರಾಮ" ಅಂದೆ.

ಅವರು ತಿರುಗಿ ನೋಡಿದರು. "ನೀವು ಕನ್ನಡದವರೇನ್ರಿ?"

ಬಸವರಾಜಪ್ಪ ಅಂತ ಅವರ ಹೆಸರು. ಬಳ್ಳಾರಿಯವರು. ಬಳ್ಳಾರಿ ಮದರಾಸಿಗೆ ಸೇರಿದ್ದಾಗ ನೌಕರಿಗೆ ಬಂದು, ಊರು ಮೈಸೂರು ರಾಜ್ಯಕ್ಕೆ ಹೋದರೂ ತಾವು ಇಲ್ಲೇ ಉಳಿದವರು. ಮನೆಯಲ್ಲಿ ಮಕ್ಕಳು ತಮಿಳಿನಲ್ಲೇ ಉತ್ತರ ಕೊಡುತ್ತಾರಂತೆ. (ನಮ್ಮ ಮನೆಯಲ್ಲೂ ಅದೇ ಹಾಡು.) ಕನ್ನಡ ಕೇಳಿದ್ದೇ ಅವರ ಮುಖ ಸಡಿಲವಾಯಿತು. ನಾನು ಅವರನ್ನು ಹಾಲಿನ ಹತ್ತಿರ ಕರೆದುಕೊಂಡು ಹೋಗಿ ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಸುಳ್ಳು ಹೇಳಲು ಬರಲಿಲ್ಲ.  ಈ ಮನುಷ್ಯ ಪೆನ್ನು ತೆಗೆದರೆ ಕನ್ನಿಯಮ್ಮನ ಮನೆ ಹೋಯಿತು. ನನ್ನ ಬಾಯಿಂದಲೇ ಹೋಯಿತು.

ಅವರು ಕಟ್ಟಡವನ್ನೊಮ್ಮೆ ಕೆಳಗಿನಿಂದ ಮೇಲಿನವರೆಗೂ ನೋಡಿದರು. ಆಮೇಲೆ ಅಂದರು, "ಗ್ವಾಡಿ ಕಟ್ಟಿಸಿದ್ವಿರೀ. ಹೆಸರು ಬರೆಯೋ ಹೊತ್ತಿನ್ಯಾಗ ಮನಿ ಯಜಮಾನ ಯಾರು ಅಂತ ಕೇಳಿದ್ವಿ. ಎಲ್ಲಾ ಹೆಣ್ಣುಮಕ್ಕಳೂ ಗಂಡನ್ನ ತೋರಿಸಿದ್ರು. ನಾವು ಬರ್ಕೊಂಡ್ವಿ."

"ಈಗ?"

"ಗಂಡ ಒಪ್ಪಿದ್ರ ಹೆಂಡ್ತಿ ಹೆಸರಿಗೆ ಮಾಡಿಕೊಡಾಕ ಬರತೈತಿ. ಇಲ್ಲೀತನಕ ಒಬ್ಬರೂ ಕೇಳಿಲ್ಲ."

"ಮತ್ತೆ ಈ ಮಾರಾಟ?"

"ಯಾವ ಮಾರಾಟರೀ? ನೀವು ಹೇಳಿದ್ದು ಕನ್ನಡದಾಗ. ನಮ್ಮ ಆಫೀಸಿನ ಭಾಷಾ ಇಂಗ್ಲಿಷು."

ಆ ಮನುಷ್ಯನಿಗೆ ಅಲ್ಲೇ ಕೈ ಮುಗಿದೆ.

ಏಳುಮಲೈಯನ್ನು ದಂಡೆಯಿಂದ ಕರೆಸಿದರು. ಮೈಮೇಲೆ ಉಪ್ಪು ಬಿಳಿಚಿಕೊಂಡಿದ್ದ, ಮಾತು ಕಡಿಮೆಯ ಮನುಷ್ಯ. ಮೆಟ್ಟಿಲ ಬುಡದಲ್ಲಿ ನಿಂತ. ಕನ್ನಿಯಮ್ಮ ಮೇಲಿನಿಂದ ಇಳಿದು ಬಂದಳು. ಹೆಂಗಸರು ಸರಿದು ದಾರಿ ಬಿಟ್ಟರು, ಎದ್ದು ಹೋಗಲಿಲ್ಲ.

"ನಿನಗೆ ದೋಣಿ ಬೇಡವಾ?" ಅಂದ. ಸಿಟ್ಟಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದ.

"ದೋಣಿ ಬೇಡ ಅಂತ ಯಾವತ್ತು ಅಂದೆ? ಮನೆ ಮಾರಿದ ದೋಣಿ ಬೇಡ."

"ಇಂಥ ಪಾಲು ಇನ್ನೊಂದು ಸಲ ಸಿಗಲ್ಲ."

"ಗೊತ್ತು."

"ನನಗೆ ಒಳಗೆ ನಿದ್ದೆ ಬರಲ್ಲ ಕನ್ನಿ."

"ಹೊರಗೆ ಮಲಕ್ಕೋ. ವರಾಂಡ ಇದೆ, ಗಾಳಿ ಬರುತ್ತೆ. ಮಕ್ಕಳು ಒಳಗೆ ಮಲಗಲಿ."

ಅವನು ಕಡಲಿನ ಕಡೆ ನೋಡಿದ. ಅಲ್ಲಿಂದ ಕಡಲು ಕಾಣುವುದಿಲ್ಲ, ಕಟ್ಟಡ ಅಡ್ಡ. ಆದರೂ ನೋಡಿದ. ಆಮೇಲೆ ಸೊಂಟದ ಗಂಟು ಬಿಚ್ಚಿ ಮುಂಗಡವನ್ನು ಅಕ್ಕಿ ಅಂಗಡಿಯವರ ಕೈಗೆ ಕೊಟ್ಟ. ಇನ್ನೂ ದೋಣಿಯವನ ಕೈಗೆ ಹೋಗಿರಲಿಲ್ಲ, ಪುಣ್ಯ. ಅವರು ಅದನ್ನು ತೆಗೆದುಕೊಂಡು ಗಾಡಿ ತಿರುಗಿಸಿದರು. ಹೊಸ ಪಾತ್ರೆಗಳು ಗಲಗಲ ಸದ್ದು ಮಾಡುತ್ತ ಬಂದ ದಾರಿಯಲ್ಲೇ ಹೋದವು. ಆ ಸದ್ದಿಗೆ ನನಗೆ ಸಂಕಟವಾಯಿತು. ಅವರ ಮಗಳು ಅಳಿಯ ಎಲ್ಲಿ ಹೋಗಬೇಕು?  ಬಸವರಾಜಪ್ಪನವರು "ಇನ್ನೂ ಕಟ್ಟಬೇಕ್ರಿ, ಬಾಳ ಕಟ್ಟಬೇಕು" ಅಂದರು ಅಷ್ಟೇ.

ಹೆಸರು ಬದಲಿಸುವ ಅರ್ಜಿಗೆ ಏಳುಮಲೈ ಹೆಬ್ಬೆಟ್ಟು ಒತ್ತಿದ. ಕನ್ನಿಯಮ್ಮನೂ ಒತ್ತಿದಳು. ಮಸಿ ಮೆತ್ತಿದ ಬೆರಳನ್ನು ಸೆರಗಿಗೆ ಒರೆಸಿಕೊಳ್ಳದೆ ಸುಮ್ಮನೆ ಎತ್ತಿ ಹಿಡಿದುಕೊಂಡು ನಿಂತಿದ್ದಳು, ಗಾಯವಾದವರ ಹಾಗೆ.

ಎಲ್ಲ ಸುಖವಾಗಿ ಮುಗಿಯಿತು ಅಂತ ಬರೆದುಬಿಡಬಹುದು. ಬರೆಯಲಾರೆ. ಮೊನ್ನೆ ಹೋಗಿದ್ದೆ. ಏಳುಮಲೈ ವರಾಂಡದ ತುದಿಯಲ್ಲಿ ಬೆನ್ನು ಮಾಡಿ ಕೂತು ಯಾರದೋ ಬಲೆ ರಿಪೇರಿ ಮಾಡುತ್ತಿದ್ದ. ಆ ದೋಣಿಯ ಪಾಲು ಬೇರೆಯವನಿಗೆ ಹೋಯಿತಂತೆ. ಹೆಂಡತಿಯ ಜೊತೆ ಮಾತು ಇನ್ನೂ ಒಂದೆರಡೇ. ಆದರೆ ಅವಳು ಇಟ್ಟ ಅನ್ನ ಉಂಡ, ಚಿಕ್ಕ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಲೆಯ ಗಂಟು ಹಾಕುವುದನ್ನು ತೋರಿಸಿದ. ಕಳೆದುಕೊಂಡದ್ದು ಸಣ್ಣದಲ್ಲ, ಅದು ಕನ್ನಿಯಮ್ಮನಿಗೂ ಗೊತ್ತು. ಅವಳು ಈಗ ಇನ್ನೊಂದು ಬೀದಿಗೂ ಬುಟ್ಟಿ ಹೊರುತ್ತಿದ್ದಾಳೆ. ದೋಣಿಗೆ, ಅಂದಳು.

ಇನ್ನೊಂದು ಸಂಗತಿ. ಆ ಮಂಗಳವಾರ ಹಾಲಿನಲ್ಲಿ ಯಾರೂ ಮಲಗಲಿಲ್ಲ. ಪಾಪಮ್ಮ ಬಂದು, "ನಮ್ಮ ಸೊಸೆ ಹೆಸರಿಗೂ ಮಾಡಿಸ್ಬೇಕು, ಆ ನಿಮ್ಮ ಊರಿನ ಸಾರ್ ಮತ್ತೆ ಯಾವಾಗ ಬರ್ತಾರೆ?" ಅಂದಳು. ಸೊಸೆ ಹೆಸರಿಗೆ, ಮಗನ ಹೆಸರಿಗಲ್ಲ. ಹಿಂದೆಯೇ ಇನ್ನೂ ಕೆಲವರು ನಿಂತಿದ್ದರು. ಮಂಡಳಿಯ ಕೆಲಸ ಹೆಚ್ಚಿತು. ಸರಕಾರ ಗೋಡೆ ಕಟ್ಟಿಕೊಡಬಲ್ಲದು. ಆ ಗೋಡೆಯೊಳಗೆ ಯಾರು ಕಾಲೂರಿ ನಿಂತಿದ್ದಾರೆ ಅನ್ನುವುದು ಮೆಟ್ಟಿಲ ಮೇಲೆ ಕೂತವರಿಗೇ ಗೊತ್ತಾಗಬೇಕು.

ಅವತ್ತು ಸಂಜೆ ಮನೆಗೆ ಬಂದು ನಮ್ಮವರಿಗೆ ಇದನ್ನೆಲ್ಲ ಹೇಳಿದೆ. ಪೇಪರು ಪಕ್ಕಕ್ಕಿಟ್ಟು ಪೂರ್ತಿ ಕೇಳಿದರು. "ಭೇಷ್, ಒಳ್ಳೆಯ ಕೆಲಸ ಮಾಡಿದಿರಿ ಎಲ್ಲರೂ" ಅಂದರು. ಮನಸ್ಸಿಟ್ಟೇ ಅಂದರು.

"ಅಲ್ಲ, ನಮ್ಮ ಈ ಮನೆ ಯಾರ ಹೆಸರಲ್ಲಿದೆ?" ಅಂತ ಕೇಳಿದೆ.

"ಅಪ್ಪನ ಹೆಸರಲ್ಲಿ. ಆಮೇಲೆ ನನ್ನ ಹೆಸರಿಗೆ ಬರುತ್ತೆ. ಯಾಕೆ?"

ಯಾಕೂ ಇಲ್ಲ ಅಂದು ಒಳಗೆ ಹೋದೆ. ಅಡ್ಯಾರಿನಲ್ಲಿ, ಮೈಲಾಪುರದಲ್ಲಿ, ನೀವು ಈ ಪೇಪರು ಓದುತ್ತಿರುವ ಬೀದಿಯಲ್ಲಿ, ಮನೆಯೊಡತಿ ಅನ್ನಿಸಿಕೊಂಡವರಲ್ಲಿ ಎಷ್ಟು ಜನಕ್ಕೆ ಮನೆ ಇದೆ?